ಬೋರ್ಡಿನಿಂದ ಪೋರ್ಟ್ರೇಟಿಗೆ: ಮುಖ ಮುಗೀತು, ಕೂದಲು ಮಾತ್ರ ಬೂದಿ

ಹೋಲಿಕೆ ಕೂತಿದೆ. 24×36 ಇಂಚಿನ ಕ್ಯಾನ್ವಾಸಿನ ಈ ತೈಲವರ್ಣದ ಪೋರ್ಟ್ರೇಟಿನಲ್ಲಿ ಹಣೆ, ಕೆನ್ನೆ, ಮೂಗುತಿಯ ಮಿಂಚು ಎಲ್ಲ ಸರಿ. ಒಣಗಿದ ಮೇಲೆ ನೋಡಿದರೆ ಕೂದಲೂ ಸೀರೆಯ ನೆರಳೂ ಒರೆಸಿದ ಸ್ಲೇಟಿನ ಹಾಗೆ ಮಂಕು. ಆರ್ಡರ್ ಕೊಟ್ಟವರ ಸಲಹೆ: "ಇನ್ನೊಂದು ಕೋಟ್ ಹೊಡೆದ್ರಾಯ್ತು ಬಿಡಿ." ಹೊಡೆದರೆ ಕೆಳಪದರ ಅದನ್ನೂ ಹೀರಿಕೊಂಡಿತು.

ಬೋರ್ಡ್, ಸಿನಿಮಾ ಬ್ಯಾನರ್ ಬರೆದು ಈ ಕಡೆ ಬಂದವರಿಗೆ ಇದರ ಕಾಟ ಜಾಸ್ತಿ. ಆ ದಾರಿಯೇನೂ ಸಣ್ಣದಲ್ಲ. ಎಂ.ಎಫ್. ಹುಸೇನ್ ಮುಂಬೈಯಲ್ಲಿ ಸಿನಿಮಾ ಹೋರ್ಡಿಂಗ್ ಬರೆದವರು, ಕಲಬುರಗಿಯ ಎಸ್.ಎಂ. ಪಂಡಿತ್ (1916–1993) ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ಮಾಡುತ್ತಲೇ ಪುರಾಣದ ಆಕೃತಿಗಳಲ್ಲಿ ಹೆಸರಾದವರು. ಚೌಕ ಹಾಕಿ ಹಿಗ್ಗಿಸುವುದು, ದೂರಕ್ಕೆ ಎದ್ದು ಕಾಣುವ ನೆರಳು-ಬೆಳಕು ಇವೆಲ್ಲ ಬೋರ್ಡಿನ ಕೈಗೆ ಬಂದೇ ಇರುತ್ತವೆ. ತೊಂದರೆ ಕೊಡುವುದು ಬಣ್ಣ ತೆಳ್ಳಗೆ ಮಾಡುವ ಟರ್ಪೆಂಟೈನಿನ ಡಬ್ಬ. ಬೋರ್ಡಿಗೆ ಬಳಿಯುವ ಎನಾಮಲ್ಲಿನಲ್ಲಿ ರಾಳ ಇರುವುದರಿಂದ ಸ್ವಲ್ಪ ತೆಳ್ಳಗೆ ಓಡಿಸಿದರೂ ಹೊಳೆಯುತ್ತದೆ. ಟ್ಯೂಬಿನ ತೈಲವರ್ಣವನ್ನು ಹಿಡಿದಿಡುವುದು ಎಣ್ಣೆಯೊಂದೇ. ಅದನ್ನೂ ನೀರುನೀರು ಮಾಡಿದರೆ ಟರ್ಪೆಂಟೈನ್ ಆರಿಹೋಗಿ, ಉಳಿದ ಚೂರು ಎಣ್ಣೆಯನ್ನು ಕೆಳಪದರ ಎಳೆದುಕೊಳ್ಳುತ್ತದೆ. ಅಂಬರ್ ಎಂಬ ಕಂದು ಬಣ್ಣಗಳಲ್ಲಿ ಇದು ಮೊದಲು ಕಾಣುತ್ತದೆ.

ಅರ್ಧ ತಪ್ಪು ಕ್ಯಾನ್ವಾಸ್ ಮಾರುವವರದು. ಲೇಬಲ್ಲಿನಲ್ಲಿ 'ಮೂರು ಕೋಟ್ ಪ್ರೈಮರ್'; ಬೆಳಕಿಗೆ ಹಿಡಿದರೆ ನೂಲಿನ ಸಂದಿಯಲ್ಲಿ ಆಕಾಶ. ರೋಲ್ ಕೇಳಿದರೆ ಮಡಚಿ ಕಳಿಸುತ್ತಾರೆ, ಮಡಿಕೆಯ ಬಿರುಕು ಸರಿಯಾಗಿ ಮೂಗಿನ ಮೇಲೇ ಬರುತ್ತದೆ. ಶುರುಮಾಡುವ ಮೊದಲೇ ಮೂಲೆಯಲ್ಲಿ ತೆಳು ಅಂಬರಿನ ಒಂದು ಗೀಟೆಳೆದು, ಒಂದು ನಿಮಿಷ ಬಿಟ್ಟು ಒರೆಸಿ ನೋಡಿ. ಕಲೆ ಅಚ್ಚೊತ್ತಿ ನಿಂತರೆ ಅದು ಹೀರುವ ಕ್ಯಾನ್ವಾಸ್. ಮೇಲೆ ಮತ್ತೆ ಜೆಸ್ಸೋ (ಕ್ಯಾನ್ವಾಸಿನ ಬಿಳಿ ಪ್ರೈಮರ್) ಬಳಿದು ಲಾಭವಿಲ್ಲ, ಅದರಲ್ಲಿರುವ ಸೀಮೆಸುಣ್ಣದ ಪುಡಿಯೇ ಹೀರುವುದು. ಅಕ್ರಿಲಿಕ್ ಮ್ಯಾಟ್ ಮೀಡಿಯಂಗೆ (ಬಣ್ಣ ಬೆರೆಸದ ಅಕ್ರಿಲಿಕ್) ಸ್ವಲ್ಪ ನೀರು ಬೆರೆಸಿ ಒಂದು ತೆಳು ಕೋಟ್ ಕೊಟ್ಟರೆ ಸಾಕು.

ಬಣ್ಣ ಹಚ್ಚಿಯಾಗಿದ್ದರೆ ಉಳಿದಿರುವುದು ಆಯಿಲಿಂಗ್ ಔಟ್, ಅಂದರೆ ಮಂಕಾದ ಕಡೆಗೆ ಎಣ್ಣೆ ತಿಕ್ಕುವುದು. ಮುಟ್ಟಿದರೆ ಅಂಟದಷ್ಟು ಒಣಗಿರಬೇಕು. ಸ್ಟ್ಯಾಂಡ್ ಆಯಿಲ್ (ಕಾಯಿಸಿ ದಪ್ಪ ಮಾಡಿದ ಲಿನ್ಸೀಡ್, ಅಂದರೆ ಅಗಸೆ ಎಣ್ಣೆ), ಟರ್ಪೆಂಟೈನ್ ಸಮಸಮ. ನೂಲು ಬಿಡದ ಹಳೇ ಪಂಚೆಯ ತುಂಡಿನಿಂದ ಮಂಕಾದ ಕಡೆ ಮಾತ್ರ ತಿಕ್ಕಿ, ಕೆಲವು ನಿಮಿಷದ ಮೇಲೆ ಒಣಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ತೆಗೆಯುವುದೇ ಮುಖ್ಯ. ಉಳಿದ ಎಣ್ಣೆ ಜಿಗುಟಾಗಿ ಧೂಳು ಹಿಡಿಯುತ್ತದೆ, ಆಮೇಲೆ ಹಳದಿಗೆ ತಿರುಗುತ್ತದೆ. ಬಟ್ಟೆಯನ್ನು ಉಂಡೆ ಕಟ್ಟಿ ಕಸದ ಬುಟ್ಟಿಗೆ ಹಾಕಬೇಡಿ, ಲಿನ್ಸೀಡ್ ಎಣ್ಣೆ ಒಣಗುವಾಗ ಕಾದು ತಾನಾಗಿ ಹೊತ್ತಿಕೊಳ್ಳಬಹುದು. ಬಯಲಲ್ಲಿ ಹರವಿ.

ಈ ಚಿತ್ರದಲ್ಲಿ ಕೂದಲು ಎದ್ದು ಬಂತು. ಅದರ ಮೇಲೆ ಐವರಿ ಬ್ಲ್ಯಾಕ್ ಬೇಡವೆಂದು ಬರ್ನ್ಟ್ ಅಂಬರ್, ಅಲ್ಟ್ರಾಮರೀನ್ ನೀಲಿಯ ಬೆರಕೆಯನ್ನು ಹನಿ ಎಣ್ಣೆಯ ಜೊತೆ ಹಾಕಿದೆ. ಕೊನೆಯಲ್ಲಿ ಬಳಿಯುವ ಡಮ್ಮಾರ್ ವಾರ್ನಿಷ್‌ಗೆ ಆರು ತಿಂಗಳಾದರೂ ಕಾಯಬೇಕು. ಗೃಹಪ್ರವೇಶ ಇರುವುದು ಮುಂದಿನ ವಾರ! ಪಾಯಸದ ಕೈಗಳಿಂದ ದೂರ, ಎತ್ತರದಲ್ಲಿ ನೇತುಹಾಕಿ ಎಂದು ಹೇಳಿಯಾಗಿದೆ.

ಮುಂದಿನದು ಯಕ್ಷಗಾನದ ಚೌಕಿ (ಬಣ್ಣ ಹಚ್ಚುವ ಕೋಣೆ): ಕನ್ನಡಿ ಹಿಡಿದು ಕೂತ ವೇಷಧಾರಿ, ಅರ್ಧ ಮುಖಕ್ಕೆ ಬಣ್ಣ, ಅರ್ಧ ಬರಿ ಚರ್ಮ, ಒಂದೇ ಬಲ್ಬು. ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಜೋರ್ನ್‌ನ ಹೆಸರಿನ ನಾಲ್ಕು ಬಣ್ಣಗಳಲ್ಲಿ (ಯೆಲ್ಲೋ ಓಕರ್, ವರ್ಮಿಲಿಯನ್, ಐವರಿ ಬ್ಲ್ಯಾಕ್, ಬಿಳಿ) ಬರಿ ಚರ್ಮವೇನೋ ಬರುತ್ತದೆ. ಓಕರ್‌ಗೆ ಕಪ್ಪು ಬೆರೆಸಿದರೆ ಸಿಗುವುದು ಪಾಚಿಹಸಿರು ಮಾತ್ರ, ವೇಷದ ಹಸಿರಿಗೆ ವಿರಿಡಿಯನ್ ಎಂಬ ಹಸಿರು ಟ್ಯೂಬ್ ಬೇಕೇ ಬೇಕು.