ಹೊಳಿ ಹುಟ್ಟೂ ಊರಾಗ ಒಂದು ರಾತ್ರಿ

ನಮ್ಮೂರು ಮಲಪ್ರಭೆ ಮುಗಿಯುವ ಕಡೆ ಇತ್ತು. ಈಗ ನೀರೊಳಗಿದೆ. ಕೂಡಲಸಂಗಮದ ಹತ್ತಿರ ನಾರಾಯಣಪುರ ಜಲಾಶಯದ ಹಿನ್ನೀರು ಏರಿ ಬಂದಾಗ ನನಗೆ ಆರು ವರ್ಷ. ಅಪ್ಪ ಮನೆಯ ಬಾಗಿಲನ್ನು ಚೌಕಟ್ಟು ಸಮೇತ ಕಿತ್ತು ಚಕ್ಕಡಿಗೆ ಹೇರಿದ್ದು ನೆನಪಿದೆ. ಹೊಸ ಊರಿಗೆ ಬಂದ ಮೇಲೂ ನಮ್ಮ ಎಮ್ಮೆ ತಿಂಗಳುಗಟ್ಟಲೆ ಸಂಜೆಯಾದರೆ ಹಳೇ ಊರಿನ ಹಾದಿ ಹಿಡಿಯುತ್ತಿತ್ತು. ಅದನ್ನು ಹೊಡಕೊಂಡು ಬರುವುದು ನನ್ನ ಪಾಲಿನ ಕೆಲಸ. ಹಿಂಗಾಗಿ ಹೊಳೆ ಮುಗಿಯೋ ಜಾಗ ನನಗೆ ಚೆನ್ನಾಗಿ ಗೊತ್ತು. ಹುಟ್ಟೋ ಜಾಗ ಮಾತ್ರ ಐವತ್ತರ ಹತ್ತಿರ ಬಂದರೂ ನೋಡಿರಲಿಲ್ಲ.

ದಸರಾ ರಜೆಯಲ್ಲಿ ನಮ್ಮ ಶಾಲೆಯ ಆರು ಜನ ಮಾಸ್ತರು, ಬಾಯಾರು ಸೇರಿ ಒಂದು ಕ್ರೂಸರ್ ಮಾಡಿಕೊಂಡು ಬಾಗಲಕೋಟೆಯಿಂದ ಬೆಳಗಾವಿ, ಅಲ್ಲಿಂದ ಜಾಂಬೋಟಿ ಹಾದು ಕಣಕುಂಬಿಗೆ ಹೊರಟೆವು. ಗುಡ್ಡ ಸುತ್ತಿಸಲಿಕ್ಕೆ ಅಲ್ಲಿಯದೇ ಒಬ್ಬ ಹುಡುಗ, ರಾತ್ರಿ ಉಳಿಯಲಿಕ್ಕೆ ಹಳ್ಳಿಯ ಮನೆ ಅಂತ ಮೊದಲೇ ಫೋನಿನಲ್ಲಿ ಮಾತಾಗಿತ್ತು. ಭೀಮಗಡ ಕೋಟೆಗೂ ಹೋಗಬೇಕೆಂಬ ಆಸೆ ಕೆಲವರಿಗಿತ್ತು. ಅದು ಅಭಯಾರಣ್ಯದೊಳಗೆ ಬರುತ್ತದೆ, ಅರಣ್ಯ ಇಲಾಖೆಯ ಪರವಾನಗಿ ಬೇಕು. ನಾವು ತಗೊಂಡಿರಲಿಲ್ಲ. ಅಲ್ಲಿಗೆ ಆ ಮಾತು ಮುಗಿಯಿತು.

ದಾರಿಯಲ್ಲಿ ಗಣಿತದ ಮಾಸ್ತರು ಒಂದು ಲೆಕ್ಕ ಹಾಕಿಸಿದರು. ‘ಬಾಯಾರs, ಕಣಕುಂಬಿ ಸಮುದ್ರಮಟ್ಟದಿಂದ ಸುಮಾರು 792 ಮೀಟರ್. ನಿಮ್ಮ ಸಂಗಮ 488. ಕಳೀರಿ ನೋಡೋಣು.’ 304 ಬಂತು. ‘ಈಗ ಹೊಳಿ ಉದ್ದ ಎಷ್ಟ ಹೇಳ್ರಿ? ಅದೂ 304 ಕಿಲೋಮೀಟರ್!’ ಅಂದರೆ ಕಿಲೋಮೀಟರಿಗೆ ಒಂದೇ ಮೀಟರ್ ಇಳಿಯುತ್ತ, ಅವಸರವಿಲ್ಲದ ಹೆಂಗಸಿನ ಹಾಗೆ ನಮ್ಮ ಕಡೆ ಬರುತ್ತಾಳೆ. ಮುಂದೆ ಎರಡು ದಿನ ಮಾಸ್ತರು ಆ ಲೆಕ್ಕವನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿದರು.

ಕಣಕುಂಬಿಯಲ್ಲಿ ಇಳಿದಾಗ ಸಣ್ಣಗೆ ಜಿನುಗುತ್ತಿತ್ತು. ಮಾವುಲಿ ದೇವಿಯ ಗುಡಿ, ಉಗಮದ ಹತ್ತಿರ ಕಲ್ಲಿನ ಹೊಂಡ. ನಾನು ಏನು ಕಲ್ಪಿಸಿಕೊಂಡು ಹೋಗಿದ್ದೆನೋ ಏನೋ, ಇಷ್ಟೇ ಅನಿಸಿತು. ಸವದತ್ತಿ ನವಿಲುತೀರ್ಥದಲ್ಲಿ ಅಣೆಕಟ್ಟು ತುಂಬುವ, ಪಟ್ಟದಕಲ್ಲಿನ ಗುಡಿಗಳ ಬೆನ್ನಿಗೆ ಹರಿಯುವ, ಸಿಟ್ಟು ಬಂದ ವರ್ಷ ಊರೂರನ್ನೇ ಎಬ್ಬಿಸಿ ಓಡಿಸುವ ಹೊಳೆ ಇಲ್ಲಿ ಒಂದು ಹೆಜ್ಜೆಗೆ ದಾಟುವಷ್ಟು ಅಗಲ. ದಾಟಿದೆ ಕೂಡ. ಆಮೇಲೆ ಸೀರೆಯ ನಿರಿಗೆ ಎತ್ತಿಕೊಂಡು ಸುಮ್ಮನೆ ಇನ್ನೊಂದು ಸಲ ಈ ಕಡೆಗೆ ಬಂದೆ.

ಅಲ್ಲೇ ಸಮೀಪ ಆ ಕಾಲುವೆಯೂ ಇದೆ. ಗೋವಾದ ಕಡೆ ಹರಿಯುವ ಮಹದಾಯಿ ಹೊಳೆಯನ್ನು ಸೇರುವ ಕಳಸಾ ನಾಲೆಯ ನೀರನ್ನು ಮಲಪ್ರಭೆಗೆ ತಿರುಗಿಸಲು ತೋಡಿದ್ದು, ಅರ್ಧಕ್ಕೆ ನಿಂತಿದ್ದು. 2015ರಲ್ಲಿ ನರಗುಂದದಲ್ಲಿ ರೈತರು ಧರಣಿ ಕೂತಾಗ ನಮ್ಮ ಶಾಲೆಯ ಮಕ್ಕಳೂ ‘ಮಹದಾಯಿ ನಮ್ಮದು’ ಎಂದು ಕೂಗಿದ್ದರು. ಕೂಗಿಸಿದವರಲ್ಲಿ ನಾನೂ ಒಬ್ಬಳು. 2018ರಲ್ಲಿ ಮಹದಾಯಿ ನ್ಯಾಯಮಂಡಳಿ ಕಳಸಾದಿಂದ 1.72, ಅಂಥದೇ ಇನ್ನೊಂದು ನಾಲೆ ಬಂಡೂರಿಯಿಂದ 2.18 ಟಿಎಂಸಿ ಅಂತ ಕೊಟ್ಟಾಗ ಅಂಕಿಗಳನ್ನು ಕಪ್ಪು ಹಲಗೆಯ ಮೇಲೆ ಬರೆದದ್ದೂ ಹೌದು. ಆ ಅಂಕಿಗಳ ಮೂಲದಲ್ಲಿ ಹುಲ್ಲು ಬೆಳೆದ ಕಂದಕ, ಕಾಂಕ್ರೀಟು, ಅದರಲ್ಲಿ ನಿಂತ ಕೆಂಪು ನೀರು. ಫೋಟೋ ತೆಗೆಯಲಿಕ್ಕೆ ಮನಸ್ಸಾಗಲಿಲ್ಲ.

ಗೈಡ್ ಹುಡುಗ ಬಂದ. ಸೊಂಟದ ಹಿಂದೆ ಕಟ್ಟಿಗೆಯ ಕೊಕ್ಕೆಗೆ ಕೊಯ್ತಾ ಸಿಗಿಸಿಕೊಂಡಿದ್ದ, ಕಾಲಲ್ಲಿ ರಬ್ಬರ್ ಚಪ್ಪಲಿ. ನಮ್ಮ ಕಾಲಲ್ಲಿ ದುಡ್ಡು ಕೊಟ್ಟ ಬೂಟು. ನೋಡಿ ನಕ್ಕ, ಏನೂ ಅನ್ನಲಿಲ್ಲ. ಮರಾಠಿ, ಕೊಂಕಣಿ, ಅಷ್ಟಿಷ್ಟು ಕನ್ನಡ ಮೂರನ್ನೂ ಕಲಸಿ ಮಾತಾಡುತ್ತಿದ್ದ. ನಮ್ಮದು ಬೆಳಗಾವಿ ಸಂತೆಯಲ್ಲಿ ಕಲಿತ ಮರಾಠಿ. ಅಂತೂ ನಡೆಯಿತು.

ಒಂದು ತಾಸು ನಡೆದ ಮೇಲೆ ಒಂದು ಕಡೆ ಮರಗಳು ಒಮ್ಮೆಲೇ ದಟ್ಟವಾದವು. ಬಳ್ಳಿ ತೊಡೆಯಷ್ಟು ದಪ್ಪ, ಒಳಗೆ ನಡುಮಧ್ಯಾಹ್ನವೇ ಮುಸ್ಸಂಜೆ. ಹುಡುಗ ಚಪ್ಪಲಿ ಬಿಟ್ಟ. ‘ದೇವರಾಯ್’ ಅಂದ. ದೇವರ ಕಾಡು. ಇಲ್ಲಿ ಕಡ್ಡಿ ಮುರಿಯುವ ಹಾಗಿಲ್ಲ, ಬಿದ್ದ ಮರವನ್ನೂ ಮನೆಗೆ ಒಯ್ಯುವುದಿಲ್ಲ. ಗುಡಿ ಎಲ್ಲಿ ಅಂದೆ. ಬೇರಿನ ನಡುವೆ ಎರಡು ಕಲ್ಲು ತೋರಿಸಿದ. ಒಂದರ ಮೇಲೆ ಹಳೇ ಕುಂಕುಮ. ನಮ್ಮ ಬಯಲಿನಲ್ಲಿ ದೇವರು ಅಂದರೆ ಕಟ್ಟೆ, ಗುಡಿ, ಸುಣ್ಣ, ಮೈಕು. ಇಲ್ಲಿ ಸದ್ದೇ ಇಲ್ಲ. ವಿಜ್ಞಾನದ ಬಾಯಾರು ಮಾತ್ರ ಸುಮ್ಮನಿರಲಾರದೆ ಬಾವಲಿಯ ಪಾಠ ಶುರುಮಾಡಿದರು. ಇದೇ ಸೀಮೆಯ ಬಾರಾಪೇಡೆ ಗುಹೆಯಲ್ಲಿರುವ ರಾಟನ್ ಬಾವಲಿ ಬಹುಕಾಲ ಲೋಕದಲ್ಲಿ ಇನ್ನೆಲ್ಲೂ ಇಲ್ಲವೆಂದೇ ತಿಳಿದಿದ್ದರಂತೆ. ಹುಡುಗನಿಗೆ ಇದೆಲ್ಲ ಗೊತ್ತಿತ್ತು. ‘ಬಾವಲಿ ನೋಡಾಕ ಫಾರಿನ್ನಿಂದ ಬರ್ತಾರ. ನಮ್ಮನ್ನ ನೋಡಾಕ ನೀವು ಬಂದೀರಿ’ ಅಂದ. ತಮಾಷೆಗೇ ಅಂದಿದ್ದು. ಚುಚ್ಚಿದ್ದು ಬೇರೆ ಮಾತು.

ಜಿಗಣೆಯ ಕಥೆ ಹೇಳಲಿಕ್ಕೆ ಹೋಗುವುದಿಲ್ಲ. ಮಲೆನಾಡಿಗೆ ಹೋದವರೆಲ್ಲ ಅದನ್ನು ಬರೆದಿದ್ದಾರೆ. ನನ್ನ ಬೂಟಿನ ಕಥೆ ಮಾತ್ರ ಹೇಳಲೇಬೇಕು. ಮೂರು ವರ್ಷ ಕಪಾಟಿನಲ್ಲಿ ಜೋಪಾನವಾಗಿಟ್ಟಿದ್ದೆ. ಒದ್ದೆ ನೆಲದಲ್ಲಿ ಅರ್ಧ ಹಾದಿ ಬರುವುದರೊಳಗೆ ಬಲಗಾಲಿನ ತಳ ಪೂರಾ ಬಿಚ್ಚಿಕೊಂಡು ಹಸಿದ ನಾಯಿಯ ಹಾಗೆ ಬಾಯಿ ತೆರೆಯಿತು. ಹುಡುಗ ಕಾಡಬಳ್ಳಿ ಕೊಯ್ದು ಕಟ್ಟಿಕೊಟ್ಟ. ಹತ್ತು ನಿಮಿಷಕ್ಕೆ ಎಡಗಾಲಿನದೂ ಹೋಯಿತು. ಕಡೆಗೆ ಅವನ ಚಪ್ಪಲಿ ನನ್ನ ಕಾಲಿಗೆ, ಅವನು ಬರಿಗಾಲಿನಲ್ಲಿ. ಅವನು ಮೊದಲಿಗಿಂತ ಬೇಗ ನಡೆದ, ನಾನೂ ನಡೆದೆ.

ದಿಬ್ಬದ ಮೇಲೆ ಒಂದು ಭತ್ತದ ಗದ್ದೆಯ ಬದುವಿನಲ್ಲಿ ನಿಲ್ಲಿಸಿ ಅವನು ಕೈ ಮಾಡಿ ಹೇಳಿದ: ಈ ಮಡಿಯ ನೀರು ನಿಮ್ಮ ಕಡೆ ಹೋಗುತ್ತದೆ, ಆ ಮಡಿಯ ನೀರು ಗೋವಾಕ್ಕೆ. ಬದು ಅಷ್ಟು ಕರಾರುವಾಕ್ಕಾಗಿ ಬೇರೆ ಮಾಡುತ್ತದೋ ಇಲ್ಲವೋ ಅನ್ನುವ ಸಂಶಯ ಗಣಿತದ ಮಾಸ್ತರಿಗೆ ಇತ್ತು. ಆದರೆ ಸುತ್ತಿನ ಗುಡ್ಡಸಾಲು ಮಾಡುವ ಕೆಲಸ ಅದೇ. ಪೂರ್ವಕ್ಕೆ ಬಿದ್ದ ಹನಿ ಮಲಪ್ರಭೆ, ಕೃಷ್ಣೆಯಾಗಿ ಬಂಗಾಳಕೊಲ್ಲಿಗೆ. ಪಶ್ಚಿಮಕ್ಕೆ ಬಿದ್ದದ್ದು ಮಹದಾಯಿಯಾಗಿ ಅರಬ್ಬಿ ಸಮುದ್ರಕ್ಕೆ. ಎರಡೂ ಮಡಿ ಒಂದೇ ಮನೆಯವರವು. ‘ಮತ್ತ ನೀವು ಯಾರ ಪರ?’ ಅಂತ ಕೇಳಿಬಿಟ್ಟೆ. ಹುಡುಗ ಸ್ವಲ್ಪ ಹೊತ್ತು ನೋಡಿದ. ‘ಮಳಿ ಕಮ್ಮಿ ಆಗ್ಲಿ ಅನ್ನೂ ಪರ’ ಅಂದ.

ಅದು ಬರೀ ತಮಾಷೆಯ ಮಾತಲ್ಲ. ಇದೇ ಖಾನಾಪುರ ತಾಲೂಕಿನ ಅಮಗಾಂವದಲ್ಲಿ 2010ರಲ್ಲಿ 10,000 ಮಿಲಿಮೀಟರ್ ಮೀರಿ ಮಳೆ ಬಿದ್ದಿತ್ತು. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಆರುನೂರರ ಆಸುಪಾಸು ಬಂದರೆ ಅದೇ ಹಬ್ಬ.

ಮನೆ ಮುಟ್ಟಿದಾಗ ಸಂಜೆ. ಕಾರವಿ ಕಡ್ಡಿ ಹೆಣೆದು ಮಣ್ಣು ಮೆತ್ತಿದ ಗೋಡೆ, ತಗ್ಗಿನ ಹಂಚಿನ ಮಾಡು, ಸಗಣಿ ಸಾರಿಸಿದ ನೆಲ. ಮನೆಯ ಆಜಿ ಹೊಸ್ತಿಲಲ್ಲೇ ನಿಂತು ತಲೆ ಎಣಿಸಿದಳು, ಆಮೇಲೆ ತಲೆಗೆ ಆರುನೂರರಂತೆ ರೊಕ್ಕ ಮೊದಲೇ ಕೊಡಿ ಅಂದಳು. ನಮ್ಮವರಲ್ಲಿ ಒಬ್ಬರಿಗೆ ಕಸಿವಿಸಿ, ‘ಹಳ್ಳಿ ಮಂದಿನೂ ಹಿಂಗಾದ್ರಲ್ಲ’ ಅಂತ ಗೊಣಗಿದರು. ಹುಡುಗ ಮೆಲ್ಲಗೆ ಹೇಳಿದ: ಹಿಂದಿನ ಸಲ ಬಂದವರು ಉಂಡು, ಕೋಳಿ ಕೊಯ್ಸಿ, ಮಲಗಿ, ಬೆಳಿಗ್ಗೆ ನೆಟ್‌ವರ್ಕ್ ಸಿಕ್ಕ ಮೇಲೆ ಫೋನ್‌ಪೇ ಮಾಡುತ್ತೇವೆ ಅಂದು ಹೋದವರು ಹೋದರಂತೆ. ನಾನು ಎಣಿಸಿ ಕೊಟ್ಟೆ. ಆಜಿ ಇನ್ನೊಮ್ಮೆ ಎಣಿಸಿ ಸೊಂಟಕ್ಕೆ ಸಿಗಿಸಿಕೊಂಡಳು. ಅದಾದ ಮೇಲೆಯೇ ಮುಖ ಸಡಿಲಾಯಿತು. ಹಾಡು, ಹೆಂಗಸರ ಫುಗಡಿ ಕುಣಿತ ಏನಾದರೂ ನೋಡಬಹುದೇ ಅಂತ ಯಾರೋ ಕೇಳಿದರು. ‘ಗಣಪತಿ ಆಗಿ ಹೋತು’ ಅಂದಳು. ಮುಂದಿನ ಗಣಪತಿಗೆ ಬರ್ರಿ ಅಂತಲೂ ಅನ್ನಲಿಲ್ಲ.

ಊಟಕ್ಕೆ ಕೆಂಪು ಅಕ್ಕಿಯ ಅನ್ನ, ನಾಚಣಿ ಅಂದರೆ ರಾಗಿಯ ಭಾಕರಿ, ಹುರಳಿ ಹಿಟ್ಟಿನ ಪಿಠಲೆ, ಆಮಸೂಲದ ಸಾರು. ನಾನು ಕಟ್ಟಿಕೊಂಡು ಹೋಗಿದ್ದ ಕಡಕ್ ಜ್ವಾಳದ ರೊಟ್ಟಿ, ಗುರೆಳ್ಳು ಪುಡಿ ಬಿಚ್ಚಿದೆ. ಆಜಿ ರೊಟ್ಟಿಯನ್ನು ಬೆರಳಿನಿಂದ ಬಾರಿಸಿ ನೋಡಿದಳು, ಹಪ್ಪಳವೋ ಎನ್ನುವ ಹಾಗೆ. ಒಂದು ತುಂಡು ಮುರಿದು ಸಾರಿನಲ್ಲಿ ನೆನೆಸಿ ತಿಂದು, ಉಳಿದದ್ದನ್ನು ಮೊಮ್ಮಗನಿಗೆಂದು ಡಬ್ಬಿಯಲ್ಲಿಟ್ಟಳು.

ಉಳಿದವರು ಮಲಗಿದರು. ನಾನು ಒಲೆಯ ಮುಂದೆ ಕುಳಿತೆ, ಹುಡುಗ ನಡುವೆ ಕೂತು ಮಾತು ದಾಟಿಸಿದ. ಯಾವ ಊರು ಅಂತ ಆಜಿ ಕೇಳಿದಾಗ ನಾನು ಮಾಮೂಲಿನಂತೆ ‘ಮುಳುಗಡೆ ಊರು’ ಅಂದೆ. ನಮ್ಮ ಕಡೆ ಆ ಒಂದು ಶಬ್ದ ಸಾಕು. ಇಲ್ಲಿ ಬಿಡಿಸಿ ಹೇಳಬೇಕಾಯಿತು. ಹೇಳಿದ ಮೇಲೆ ಆಜಿ ಮಣೆಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು. ಅವಳ ಮಗಳನ್ನು ಅಭಯಾರಣ್ಯದೊಳಗಿನ ಹಳ್ಳಿಗೆ ಕೊಟ್ಟಿದೆ. ಆ ಊರವರನ್ನು ಹೊರಗೆ ತರುವ ಮಾತು ನಡೆದಿದೆ, ಕುಟುಂಬಕ್ಕೆ 15 ಲಕ್ಷ ಅನ್ನುತ್ತಾರೆ. ಮಗಳು ಹೊರಟೇ ನಿಂತಿದ್ದಾಳೆ. ರಸ್ತೆ ಇಲ್ಲ, ಶಾಲೆ ದೂರ, ಮಳೆಗಾಲದಲ್ಲಿ ಜಡ್ಡು ಬಿದ್ದವರನ್ನು ಕಟ್ಟಿಗೆಗೆ ಕಟ್ಟಿ ಹೆಗಲ ಮೇಲೆ ಹೊತ್ತು ತರಬೇಕು. ಅಳಿಯನ ಅವ್ವ ಮಾತ್ರ ಒಲ್ಲೆ ಅನ್ನುತ್ತಾಳೆ.

ಆಜಿಗೆ ಬೇಕಾಗಿದ್ದು ನನ್ನ ಅನುಕಂಪವಲ್ಲ, ಮಾಹಿತಿ. ಮನೆಗೆ ಎಷ್ಟು ಕೊಟ್ಟರು? ಹೊಸ ಊರಿನಲ್ಲಿ ನೀರು ಮೊದಲು ಬಂತೋ ಜನ ಮೊದಲು ಬಂದರೋ? ದನಗಳನ್ನು ಎಲ್ಲಿ ಬಿಟ್ಟಿರಿ? ಆರು ವರ್ಷದ ಹುಡುಗಿಗೆ ಗೊತ್ತಿದ್ದಷ್ಟನ್ನು ಹೇಳಿದೆ. ಬಾಗಿಲ ಚೌಕಟ್ಟಿನ ವಿಷಯ ಹೇಳಿದೆ, ಎಮ್ಮೆಯ ವಿಷಯ ಹೇಳಿದೆ. ಎಮ್ಮೆಯ ಮಾತಿಗೆ ಅವಳು ತಲೆ ಅಲ್ಲಾಡಿಸಿದಳು, ಅದು ಹಾಗೇ ಮಾಡಬೇಕಾದದ್ದೇ ಅನ್ನುವಂತೆ.

‘ಆಣಿ ದೇವ?’ ಅಂದಳು. ಇದನ್ನು ದಾಟಿಸುವ ಅಗತ್ಯ ಬೀಳಲಿಲ್ಲ.

ಹನುಮಪ್ಪನನ್ನು ಹೊಸ ಊರಿಗೆ ತಂದೆವು ಅಂದೆ, ಟ್ರ್ಯಾಕ್ಟರಿನಲ್ಲಿ, ಬಾಜಾಬಜಂತ್ರಿ ಹಚ್ಚಿಕೊಂಡು. ಹೊಸ ಗುಡಿ ಕಟ್ಟಿದೆವು. ಅಗಸಿ ಮುಂದಿನ ಕಲ್ಲು ಮಾತ್ರ ಅಲ್ಲೇ ಉಳಿಯಿತು. ಬೇಸಿಗೆಯಲ್ಲಿ ಹಿನ್ನೀರು ಸರಿದ ವರ್ಷ ಕಾಣುತ್ತದೆ, ಅವ್ವ ಕೆಸರು ತುಳಿದುಕೊಂಡು ಹೋಗಿ ಕಾಯಿ ಒಡೆಸಿ ಬರುತ್ತಾಳೆ.

ಆಜಿ ಬಹಳ ಹೊತ್ತು ಒಲೆಯ ಕೆಂಡ ಕೆದಕಿದಳು. ಆಮೇಲೆ ಹುಡುಗನಿಗೆ ಏನೋ ಅಂದಳು. ಅವನು ನನ್ನ ಮುಖ ನೋಡದೆ ಹೇಳಿದ: ‘ನಿಮ್ಮ ದೇವರು ಕಲ್ಲಿಂದಿತ್ತು, ಹೇರಿದ್ರಿ. ನಮ್ಮದು ರಾಯ್. ಗಿಡಾ ಹ್ಯಾಂಗ ಟ್ರ್ಯಾಕ್ಟರಿನಾಗ ಹೇರೂದು ಅಂತ ಕೇಳಾಕತ್ತಾಳ.’

ನನ್ನ ಹತ್ತಿರ ಉತ್ತರ ಇರಲಿಲ್ಲ. ಇದ್ದರೂ ಹೇಳುವ ಹಕ್ಕು ನನಗಿರಲಿಲ್ಲ ಅನಿಸುತ್ತದೆ.

ರಾತ್ರಿ ಗದ್ದೆಯ ಕಡೆಯಿಂದ ಡಬ್ಬಿ ಬಡಿಯುವ ಸದ್ದು, ಕೂಗು. ಕಾಡುಕೋಣ ಭತ್ತಕ್ಕೆ ಇಳಿಯದಂತೆ ಅಟ್ಟದ ಮೇಲೆ ಕಾಯುವವರು. ನಿದ್ದೆಗಣ್ಣಿನಲ್ಲಿ ನನಗೆ ಜೋಳದ ಹೊಲದ ಮಂಚಿಗೆಯ ಮೇಲೆ ನಿಂತು ಕವಣೆ ಬೀಸುತ್ತಿದ್ದ ಅಪ್ಪನೇ ಕೂಗಿದಂತಾಯಿತು. ಅವನು ಓಡಿಸುತ್ತಿದ್ದದ್ದು ಗುಬ್ಬಿಗಳನ್ನು. ಇಲ್ಲಿ ಬರುವುದು ಟನ್ ತೂಕದ ಪ್ರಾಣಿ.

ಬೆಳಿಗ್ಗೆ ಹೊರಡುವಾಗ ಆಜಿ ಒಂದು ಸೇರು ನಾಚಣಿ ಕಟ್ಟಿಕೊಟ್ಟಳು. ರೊಕ್ಕ ಕೊಡಲು ಹೋದೆ, ಇದಕ್ಕಲ್ಲ ಅಂದಳು. ನನ್ನ ಬೂಟುಗಳನ್ನು ಅಲ್ಲೇ ಬಿಟ್ಟೆ. ಹುಡುಗ ಹೊಲಿಸಿಕೊಳ್ಳುತ್ತಾನಂತೆ. ಕಣಕುಂಬಿಗೆ ಮರಳಿ ಬಂದಾಗ ಹೊಂಡದ ನೀರನ್ನು ಒಂದು ಬಾಟಲಿಗೆ ತುಂಬಿಕೊಂಡೆ. ಅವ್ವನಿಗೆ.

ಅವ್ವ ಹೊಸ ಊರಿನ ಮನೆಯಲ್ಲಿ, ಹಳೇ ಬಾಗಿಲ ಚೌಕಟ್ಟಿಗೆ ಒರಗಿ ಕೂತಿದ್ದಳು. ಬಾಟಲಿ ಕೈಗೆ ಕೊಟ್ಟು ಹೊಳೆ ಹುಟ್ಟುವ ಜಾಗದ್ದು ಅಂದೆ. ಬಿಸಿಲಿಗೆ ಹಿಡಿದು ನೋಡಿದಳು. ‘ಎಷ್ಟ ತಿಳಿ ಐತಲ್ಲ’ ಅಂದಳು. ಆಮೇಲೆ ನನ್ನ ಕಡೆ ತಿರುಗಿ, ‘ಆಕಿ ತಾನ ನಡ್ಕೋತ ಬರ್ತಿದ್ದಳಲ್ಲ. ನೀ ಯಾಕ ಹೊತ್ಕೊಂಡ ಬಂದಿ?’