ಸೊಂಟದ ಆಪರೇಷನ್‌ಗೆ ಇಂಗ್ಲೆಂಡಿನಿಂದ ಬೆಂಗಳೂರಿಗೆ: ಹೊರಡುವ ಮುನ್ನ

ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅರವತ್ತರ ಆಸುಪಾಸಿನವರು ಯುಗಾದಿಗೋ ದೀಪಾವಳಿಗೋ ಒಂದೆಡೆ ಸೇರಿದರೆ ಮಾತು ಮಕ್ಕಳ ಮದುವೆಯಿಂದ ಹೊರಟು ಮಂಡಿ, ಸೊಂಟಗಳಿಗೆ ಬಂದು ನಿಲ್ಲುತ್ತದೆ. ನನ್ನ ಬಲಸೊಂಟದ ಕೀಲು ಸವೆದು, ರಾತ್ರಿ ಮಗ್ಗುಲು ಬದಲಿಸುವುದೂ ಕಷ್ಟವಾದಾಗ ನಾನು ಬೆಂಗಳೂರಿಗೆ ಹೋಗಿ ಕೀಲು ಬದಲಾಯಿಸಿಕೊಂಡು ಬಂದೆ. ಅಂದಿನಿಂದ ಫೋನ್ ಮಾಡುವವರೆಲ್ಲ ಎರಡೇ ಪ್ರಶ್ನೆ ಕೇಳುತ್ತಾರೆ: ಯಾವ ಡಾಕ್ಟರು, ಎಷ್ಟು ಖರ್ಚು? ಮರಳಿ ಬಂದ ಮೇಲೆ ನೋಡಿಕೊಳ್ಳುವವರು ಯಾರು ಎಂದು ಕೇಳಿದವರನ್ನು ನಾನಿನ್ನೂ ಕಂಡಿಲ್ಲ. ನನ್ನನ್ನು ಕೇಳಿದರೆ ತಯಾರಿ ಶುರುವಾಗಬೇಕಾದದ್ದು ಅಲ್ಲಿಂದಲೇ.

ಅದಕ್ಕೂ ಮೊದಲು ಒಂದು ಮಾತು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ನಿಯಮದ ಪ್ರಕಾರ ಜಿಪಿ, ಅಂದರೆ ನಿಮ್ಮ ಬಡಾವಣೆಯ ಡಾಕ್ಟರು, ತಜ್ಞರಿಗೆ ಪತ್ರ ಬರೆದುಕೊಟ್ಟ 18 ವಾರಗಳೊಳಗೆ ಚಿಕಿತ್ಸೆ ಶುರುವಾಗಬೇಕು. ಕೋವಿಡ್ ನಂತರ ಆ ನಿಯಮದ ಗತಿ ಏನಾಗಿದೆ ಎಂಬುದು ಕಾದು ಕುಳಿತವರಿಗೆಲ್ಲ ಗೊತ್ತು. ಆದರೆ ಇಂಗ್ಲೆಂಡಿನಲ್ಲಿ ರೋಗಿಗೆ ಆಸ್ಪತ್ರೆಯನ್ನು ಆರಿಸಿಕೊಳ್ಳುವ ಹಕ್ಕಿದೆ. ನಿಮ್ಮ ಊರಿನ ಆಸ್ಪತ್ರೆಯಲ್ಲಿ ಸರದಿ ಉದ್ದವಿದ್ದರೆ ಬೇರೆ ಊರಿನದನ್ನು ಕೇಳಬಹುದು. ಎನ್‌ಎಚ್‌ಎಸ್ ಜೊತೆ ಒಪ್ಪಂದವಿರುವ ಖಾಸಗಿ ಆಸ್ಪತ್ರೆಯನ್ನೂ ಕೇಳಬಹುದು, ಕೈಯಿಂದ ಒಂದು ಪೆನ್ನಿಯೂ ಕೊಡಬೇಕಾಗಿಲ್ಲ. ಜಿಪಿ ತಾವಾಗಿ ಹೇಳದಿದ್ದರೆ ನೀವೇ ಬಾಯಿಬಿಟ್ಟು ಕೇಳಿ. ಎರಡು ಗಂಟೆಯ ರೈಲು ಪ್ರಯಾಣದಲ್ಲಿ ಮುಗಿಯುವ ಕೆಲಸಕ್ಕೆ ಸಮುದ್ರ ದಾಟುವುದೇಕೆ?

ಅದೂ ಆಗದಿದ್ದರೆ ಜಿಪಿಗೆ ನಿಮ್ಮ ಯೋಜನೆಯನ್ನು ಮುಚ್ಚಿಡದೆ ತಿಳಿಸಿ. ಆಪರೇಷನ್ ನಂತರದ ರಕ್ತಪರೀಕ್ಷೆ, ಗಾಯದ ತಪಾಸಣೆ, ಫಿಸಿಯೋಥೆರಪಿ ಇವುಗಳಲ್ಲಿ ಯಾವುದು ಎನ್‌ಎಚ್‌ಎಸ್‌ನಲ್ಲಿ ಸಿಗುತ್ತದೆ, ಯಾವುದಕ್ಕೆ ನೀವೇ ದುಡ್ಡು ಕೊಡಬೇಕು ಎಂಬುದು ಈಗಲೇ ಗೊತ್ತಾಗಲಿ. ಕೀಲಿಗೆ ಸೋಂಕು ತಗುಲಿದರೆ ಅದು ತಿಂಗಳುಗಳ ನಂತರ ತಲೆಯೆತ್ತುವುದೂ ಉಂಟು. ಆಗ ನಿಮ್ಮ ಸರ್ಜನ್ ಎಂಟು ಸಾವಿರ ಕಿಲೋಮೀಟರ್ ದೂರದಲ್ಲಿರುತ್ತಾರೆ. ಸಾಮಾನ್ಯ ಪ್ರವಾಸ ವಿಮೆಯನ್ನು ನಂಬಿ ಕೂರಬೇಡಿ, ಚಿಕಿತ್ಸೆಗೆಂದೇ ಹೊರಟವರನ್ನು ಅದು ಕೈಬಿಡುತ್ತದೆ. ಚಿಕಿತ್ಸಾ ಪ್ರಯಾಣಕ್ಕೆಂದೇ ಇರುವ ಪಾಲಿಸಿಗಳಿವೆ. ತೊಡಕು ಉಂಟಾಗಿ ಹೆಚ್ಚು ದಿನ ಉಳಿಯಬೇಕಾಗಿ ಬಂದರೆ ಅದರ ಖರ್ಚು ಸೇರಿದೆಯೇ ಎಂಬುದನ್ನು ಸಣ್ಣಕ್ಷರದಲ್ಲಿ ಹುಡುಕಿ ಓದಿ.

ಸರ್ಜನ್ ಆಯ್ಕೆಯಲ್ಲಿ ಆಸ್ಪತ್ರೆಯ ಅಮೃತಶಿಲೆಯ ನೆಲ ನೋಡಿ ಮರುಳಾಗಬಾರದು. ಆಸ್ಪತ್ರೆಗಳ ಗುಣಮಟ್ಟ ಅಳೆಯುವ ಭಾರತದ ಎನ್‌ಎಬಿಎಚ್ ಅಥವಾ ಅಂತರರಾಷ್ಟ್ರೀಯ ಜೆಸಿಐ ಮಾನ್ಯತೆ ಇರಲಿ, ಅದು ಕನಿಷ್ಠ. ಸರ್ಜನ್ ಜೊತೆ ವಿಡಿಯೋ ಕರೆಯಲ್ಲಿ ಮಾತಾಡಿ. ವರ್ಷಕ್ಕೆ ಎಷ್ಟು ಸೊಂಟದ ಕೀಲು ಬದಲಾಯಿಸುತ್ತಾರೆ, ಸೋಂಕು ಎಷ್ಟು ಜನರಿಗೆ ಆಗಿದೆ, ಆಪರೇಷನ್ ಅವರೇ ಮಾಡುತ್ತಾರೋ ಅವರ ತಂಡದವರೋ ಎಂದು ನೇರವಾಗಿ ಕೇಳಿ. ಇಂಥ ಪ್ರಶ್ನೆಗೆ ಮುಖ ಗಂಟಿಕ್ಕುವವರ ಕೈಯಲ್ಲಿ ನಾನಂತೂ ನನ್ನ ಕಾಲು ಕೊಡಲಾರೆ. ಎಕ್ಸ್‌ರೇ ಕಳಿಸುವಾಗ ಮೊಬೈಲಿನಲ್ಲಿ ತೆಗೆದ ಫೋಟೋ ಸಾಲದು. ಆಸ್ಪತ್ರೆಯಿಂದ ಮೂಲ ಡಿಜಿಟಲ್ ಫೈಲನ್ನೇ ಕೇಳಿ ಪಡೆದು ಕಳಿಸಿ.

ಕೃತಕ ಕೀಲಿನ ವಿಷಯದಲ್ಲಿ ನಾನು ಕೊಂಚ ಹಟಮಾರಿ. ‘ಇಂಪೋರ್ಟೆಡ್, ಒಳ್ಳೆಯದು ಮೇಡಂ’ ಎಂಬ ಉತ್ತರಕ್ಕೆ ತಲೆಯಾಡಿಸಬೇಡಿ. ತಯಾರಕರು ಯಾರು, ಮಾದರಿಯ ಹೆಸರೇನು, ತಲೆಭಾಗ ಸೆರಾಮಿಕ್‌ನದೋ ಲೋಹದ್ದೋ, ಮೂಳೆಗೆ ಕೂರಿಸಲು ಸಿಮೆಂಟ್ ಹಾಕುತ್ತಾರೋ ಇಲ್ಲವೋ ಎಲ್ಲವನ್ನೂ ಬರಹದಲ್ಲಿ ಪಡೆಯಿರಿ. ಬ್ರಿಟನ್ನಿನಲ್ಲಿ ಓಡೆಪ್ ಎಂಬ ತಜ್ಞರ ಸಮಿತಿ ಕೃತಕ ಕೀಲುಗಳಿಗೆ ಶ್ರೇಣಿ ಕೊಡುತ್ತದೆ. ನಿಮಗೆ ಹೇಳಿದ ಮಾದರಿ ಅಲ್ಲಿ ಎಲ್ಲಿದೆ ಎಂದು ಮನೆಯಲ್ಲಿ ಕುಳಿತೇ ನೋಡಬಹುದು. ಹತ್ತು ವರ್ಷಗಳಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚು ಕೀಲುಗಳಿಗೆ ಮರು ಆಪರೇಷನ್ ಬೇಕಾಗಬಾರದು ಎಂಬುದು ಎನ್‌ಎಚ್‌ಎಸ್‌ಗೆ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ 2014ರಲ್ಲಿ ಹಾಕಿದ ಗೆರೆ. ಲೋಹದ ಮೇಲೆ ಲೋಹ ಉಜ್ಜುವ ಎಎಸ್‌ಆರ್ ಎಂಬ ಕೀಲನ್ನು ಡಿಪ್ಯೂ ಕಂಪನಿ 2010ರಲ್ಲಿ ಜಗತ್ತಿನಾದ್ಯಂತ ಹಿಂದಕ್ಕೆ ಪಡೆದಾಗ, ರೋಗಿಗಳಿಗೆ ಮೊದಲು ಬೇಕಾದದ್ದು ತಮ್ಮ ಮೈಯಲ್ಲಿರುವುದು ಯಾವ ಕೀಲು ಎಂಬ ಮಾಹಿತಿಯೇ. ಇಂಗ್ಲೆಂಡಿನಲ್ಲಿ ಕೀಲು ಹಾಕಿದರೆ ಅದು ರಾಷ್ಟ್ರೀಯ ದಾಖಲೆಗೆ ಸೇರುತ್ತದೆ, ಬೆಂಗಳೂರಿನಲ್ಲಿ ಹಾಕಿಸಿಕೊಂಡದ್ದು ಆ ದಾಖಲೆಗೆ ಸೇರುವುದಿಲ್ಲ. ಆದ್ದರಿಂದ ಡಬ್ಬಿಯ ಮೇಲಿನ ಸ್ಟಿಕ್ಕರು, ಅಂದರೆ ಲಾಟ್ ಸಂಖ್ಯೆ, ಅಳತೆ ಇರುವ ಚೀಟಿ, ನಿಮ್ಮ ಕಡತದಲ್ಲಿ ಅಂಟಿರಲೇಬೇಕು.

ಪ್ಯಾಕೇಜ್ ದರ ಹೇಳಿದಾಗ ಅದರಲ್ಲಿ ಏನಿಲ್ಲ ಎಂಬುದರ ಪಟ್ಟಿ ಕೇಳಿ: ರಕ್ತ, ಐಸಿಯುನಲ್ಲಿ ಹೆಚ್ಚುವರಿ ದಿನ, ಬೇರೆ ತಜ್ಞರ ಭೇಟಿ, ಮನೆಗೆ ಬರುವ ಫಿಸಿಯೋ. ಓಸಿಐ, ಅಂದರೆ ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡ್, ಇದ್ದವರಿಗೆ ಯಾವ ದರ, ವಿದೇಶಿಯರಿಗೆ ಯಾವ ದರ ಎಂಬುದನ್ನೂ ಇಮೇಲಿನಲ್ಲೇ ಬರೆಸಿಕೊಳ್ಳಿ. ನಿಮ್ಮ ಬ್ಯಾಂಕ್ ಕಾರ್ಡಿನ ದಿನದ ಮಿತಿಯನ್ನು ಹೊರಡುವ ಮೊದಲೇ ಏರಿಸಿಡಿ.

ಓಸಿಐ ಕಾರ್ಡ್ ಇದ್ದರೆ ವೀಸಾದ ಚಿಂತೆಯಿಲ್ಲ. ಇಲ್ಲದವರಿಗೆ ವೈದ್ಯಕೀಯ ಇ-ವೀಸಾ ಇದೆ, ಆಸ್ಪತ್ರೆಯ ಪತ್ರ ಬೇಕು. ಜೊತೆಗೆ ಬರುವ ಇಬ್ಬರಿಗೆ ಸಹಾಯಕರ ವೀಸಾ ಸಿಗುತ್ತದೆ. ಪ್ರವಾಸಿ ವೀಸಾದಲ್ಲಿ ಇಳಿದು ಆಸ್ಪತ್ರೆ ಸೇರುವ ಉಪಾಯ ಬೇಡ.

ದೇಹದ ತಯಾರಿಗೆ ಎರಡು ಮೂರು ತಿಂಗಳು ಬೇಕು. ಹಲ್ಲಿನ ಡಾಕ್ಟರನ್ನು ಮೊದಲೇ ನೋಡಿ. ಒಸಡಿನ ಸೋಂಕಿದ್ದರೆ ಆಪರೇಷನ್ ಮುಂದಕ್ಕೆ ಹೋಗುತ್ತದೆ, ನಿಮ್ಮ ಟಿಕೆಟ್ ಮುಂದಕ್ಕೆ ಹೋಗುವುದಿಲ್ಲ. ಸಕ್ಕರೆ ಕಾಯಿಲೆಯವರು ಎಚ್‌ಬಿಎ1ಸಿ, ಅಂದರೆ ಕಳೆದ ಕೆಲವು ತಿಂಗಳ ಸರಾಸರಿ ಸಕ್ಕರೆ ಮಟ್ಟವನ್ನು, ಹತೋಟಿಗೆ ತಂದುಕೊಳ್ಳಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಯಾವಾಗ ನಿಲ್ಲಿಸಬೇಕೆಂದು ಸರ್ಜನ್ ಮತ್ತು ಜಿಪಿ ಇಬ್ಬರನ್ನೂ ಕೇಳಿ. ಊರುಗೋಲಿನಲ್ಲಿ ನಡೆಯುವುದನ್ನು ಆಪರೇಷನ್‌ಗೆ ಮೊದಲೇ ಕಲಿತಿರಿ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮುಂದೆ, ಇಳಿಯುವಾಗ ಆಪರೇಷನ್ ಆದ ಕಾಲು ಮುಂದೆ. ಮಂಪರಿನಲ್ಲಿರುವಾಗ ಇದನ್ನು ಹೊಸದಾಗಿ ಕಲಿಯುವುದು ಕಷ್ಟ.

ಇನ್ನು ಬೆಂಗಳೂರಿನಲ್ಲಿ ಉಳಿಯುವ ಮನೆ. ‘ನಮ್ಮ ಮನೆ ಇರುವಾಗ ಹೋಟೆಲ್ ಯಾಕೆ?’ ಎಂದು ಅಕ್ಕ ಸಿಟ್ಟಾಗುತ್ತಾರೆ. ಆಗಲಿ. ಹಿಂಬದಿಯಿಂದ ಕೀಲನ್ನು ತಲುಪುವ ವಿಧಾನದಲ್ಲಿ ಆಪರೇಷನ್ ಆದರೆ ಮೊದಲ ವಾರಗಳಲ್ಲಿ ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಬಗ್ಗಿಸಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದವನ್ನು ಒಳಕ್ಕೆ ತಿರುಗಿಸಬಾರದು ಎನ್ನುತ್ತಾರೆ. ಕೀಲು ಜಾರುವ ಭಯ. ನಮ್ಮ ಮನೆಗಳಲ್ಲಿ ದಿವಾನ ತಗ್ಗು, ಸೋಫಾ ಮೆತ್ತಗೆ, ಬಚ್ಚಲ ನೆಲ ಸದಾ ಒದ್ದೆ, ದೇವರ ಮನೆಗೆ ಹೊಸ್ತಿಲು, ಎಲ್ಲ ಬಾಗಿಲಿಗೂ ಜಾರುವ ಕಾಲೊರಸು. ಕುರ್ಚಿ ಗಟ್ಟಿಯಾಗಿ, ಕೈಹಿಡಿ ಇದ್ದು, ನಿಮ್ಮ ಮಂಡಿಗಿಂತ ಎತ್ತರವಾಗಿರಬೇಕು. ಕಮೋಡ್ ಮೇಲೆ ಕೂರಿಸುವ ಎತ್ತರದ ಸೀಟು ಬೇಕು, ಪಕ್ಕದಲ್ಲಿ ಹಿಡಿಕೆ ಬೇಕು. ಮಂಚ, ವಾಕರ್, ಕಮೋಡ್ ಕುರ್ಚಿ ಎಲ್ಲವೂ ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುತ್ತವೆ, ಆಪರೇಷನ್‌ಗೆ ಮೊದಲೇ ತರಿಸಿ ಕುಳಿತು ನೋಡಿ. ಲಿಫ್ಟಿಗೆ ಜನರೇಟರ್ ಇದೆಯೇ ಎಂದು ವಿಚಾರಿಸಿ, ಇಲ್ಲವಾದರೆ ಕರೆಂಟ್ ಹೋದಾಗ ನೀವು ನಾಲ್ಕನೇ ಮಹಡಿಯ ಕೈದಿ. ನಾನು ಆಸ್ಪತ್ರೆಯ ಹತ್ತಿರದ ಸರ್ವೀಸ್ ಅಪಾರ್ಟ್‌ಮೆಂಟಿನಲ್ಲಿ ಉಳಿದೆ. ಅಕ್ಕ ದಿನವೂ ಸಾರು, ಪಲ್ಯ ಹೊತ್ತು ಬಂದರು, ಬೈಯುತ್ತಲೇ.

ಅಪಾರ್ಟ್‌ಮೆಂಟಿನಿಂದ ಇನ್ನೊಂದು ಲಾಭವೂ ಉಂಟು. ನಂಟರ ಮನೆಯಲ್ಲಿದ್ದರೆ ನೋಡಲು ಬರುವವರಿಗೆ ಕೊನೆಯೇ ಇಲ್ಲ. ಎಳನೀರು, ಹಾರ್ಲಿಕ್ಸ್ ಹಿಡಿದು ಬಂದು ಹಾಸಿಗೆಯ ಅಂಚಿನಲ್ಲೇ ಕೂರುತ್ತಾರೆ, ಯಾರದೋ ಆಪರೇಷನ್ ಕೆಟ್ಟ ಕತೆಯನ್ನು ವಿವರವಾಗಿ ಹೇಳುತ್ತಾರೆ. ಸಂಜೆ ಐದರಿಂದ ಆರು ಎಂದು ಸಮಯ ಗೊತ್ತುಮಾಡಿ, ಕೆಮ್ಮು ನೆಗಡಿ ಇದ್ದವರು ಫೋನಿನಲ್ಲೇ ಮಾತಾಡಲಿ.

ಹೋಗುವ ವಿಮಾನ ಇಳಿದ ಮರುದಿನವೇ ಆಪರೇಷನ್ ಇಟ್ಟುಕೊಳ್ಳಬೇಡಿ. ಹತ್ತು ಗಂಟೆ ಕುಳಿತು ಬಂದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ, ಪರೀಕ್ಷೆಗಳಿಗೂ ಸಮಯ ಬೇಕು. ಮಳೆಗಾಲದ ಒದ್ದೆ ಪಾದಚಾರಿ ಮಾರ್ಗಗಳಿಗಿಂತ ಡಿಸೆಂಬರ್, ಜನವರಿ ಊರುಗೋಲಿನವರಿಗೆ ಹಿತ. ಆಸ್ಪತ್ರೆಯ ದಿನಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಬೇಗ ಎಬ್ಬಿಸಿ ನಡೆಸುತ್ತಾರೆ, ನೋವಿನ ಮಾತ್ರೆಗಳಿಂದ ಮಲಬದ್ಧತೆ ಗ್ಯಾರಂಟಿ, ಅದಕ್ಕೂ ಔಷಧ ಕೇಳಿ.

ಮರಳುವ ದಿನಾಂಕ ಬದಲಿಸಬಹುದಾದ ಟಿಕೆಟನ್ನೇ ಕೊಳ್ಳಿ. ದೀರ್ಘ ವಿಮಾನ ಪ್ರಯಾಣಕ್ಕೆ ಅನೇಕ ಸರ್ಜನ್‌ಗಳು ಆರು ವಾರ ಕಾಯಿರಿ ಎನ್ನುತ್ತಾರೆ, ಕೆಲವರು ಇನ್ನೂ ಹೆಚ್ಚು. ಪ್ರಯಾಣಕ್ಕೆ ಯೋಗ್ಯ ಎಂಬ ವೈದ್ಯರ ಪತ್ರ ಕೈಯಲ್ಲಿರಲಿ. ಗಾಲಿಕುರ್ಚಿಯನ್ನು ಕನಿಷ್ಠ 48 ಗಂಟೆ ಮೊದಲು ಕೇಳಿಡಿ. ಕೇಳುವಾಗ ವಿಮಾನದ ಮೆಟ್ಟಿಲು ಹತ್ತಲಾರೆ ಎಂಬುದನ್ನೂ ಹೇಳಿ, ಇಲ್ಲವಾದರೆ ಬಾಗಿಲಲ್ಲಿ ತಕರಾರು. ಸೀಟಿನ ಲೆಕ್ಕ ಹೀಗೆ: ಬಲಗಾಲಿಗೆ ಆಪರೇಷನ್ ಆಗಿದ್ದರೆ ನಿಮ್ಮ ಬಲಕ್ಕೆ ಓಡಾಟದ ದಾರಿ ಬರುವ ಸೀಟು, ಎಡಗಾಲಾದರೆ ಎಡಕ್ಕೆ. ಆಗ ಕಾಲು ಚಾಚಬಹುದು. ತುರ್ತು ದ್ವಾರದ ಸಾಲು ನಿಮಗೆ ಕೊಡುವುದಿಲ್ಲ. ಚುಚ್ಚುಮದ್ದು, ಮಾತ್ರೆಗಳು ಚೀಟಿಯೊಂದಿಗೆ ಕೈಚೀಲದಲ್ಲಿರಲಿ. ಲೋಹಶೋಧಕ ಕೂಗಿಯೇ ಕೂಗುತ್ತದೆ, ಕೃತಕ ಕೀಲು ಇದೆಯೆಂದು ಆಸ್ಪತ್ರೆ ಕೊಟ್ಟ ಕಾರ್ಡ್ ತೋರಿಸಿದರೂ ಕೈಯಿಂದ ತಡವಿ ನೋಡುತ್ತಾರೆ.

ಇಂಗ್ಲೆಂಡಿನ ಮನೆಯನ್ನು ಹೊರಡುವ ಮೊದಲೇ ಸಿದ್ಧಮಾಡಿಡಿ. ಕಮೋಡಿನ ಎತ್ತರದ ಸೀಟು, ಕೆಳಗೆ ಬಿದ್ದದ್ದನ್ನು ಎತ್ತುವ ಉದ್ದನೆಯ ಇಕ್ಕಳ, ಉದ್ದ ಹಿಡಿಯ ಶೂಹಾರ್ನ್ ಬೇಕಾಗುತ್ತವೆ. ಗಾಲಿಕುರ್ಚಿಯನ್ನು ಬಾಡಿಗೆಗೆ ತರಬಹುದು. ಮುಂದೆ ಒಂದು ವರ್ಷದೊಳಗೆ ಯಾವ ಕಾರಣಕ್ಕೇ ಆಗಲಿ ಅಲ್ಲಿನ ಆಸ್ಪತ್ರೆ ಸೇರಿದರೆ, ಹೊರದೇಶದ ಆಸ್ಪತ್ರೆಯಲ್ಲಿದ್ದಿರಾ ಎಂದು ಕೇಳಿ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಇದೆಯೇ ಎಂದು ಪರೀಕ್ಷೆ ಮಾಡುತ್ತಾರೆ. ಬೇಸರಪಟ್ಟುಕೊಳ್ಳಬೇಡಿ, ಡಿಸ್ಚಾರ್ಜ್ ಪತ್ರದ ಪ್ರತಿ ಕೊಡಿ. ಕಾರು ಓಡಿಸಲು ಸಾಮಾನ್ಯವಾಗಿ ಆರು ವಾರ ಬೇಕು. ಮೂರು ತಿಂಗಳಾದರೂ ಆಗದಿದ್ದರೆ ಮಾತ್ರ ಚಾಲನಾ ಪರವಾನಗಿ ಕೊಡುವ ಡಿವಿಎಲ್‌ಎಗೆ ತಿಳಿಸಬೇಕು. ಅಲ್ಲಿಯವರೆಗೆ ಪಕ್ಕದ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಮೇಲೊಂದು ಪ್ಲಾಸ್ಟಿಕ್ ಚೀಲ ಹಾಸಿ ಕುಳಿತರೆ ಎರಡೂ ಕಾಲುಗಳನ್ನು ಒಟ್ಟಿಗೆ ತಿರುಗಿಸಿ ಒಳಗೆ ಸೇರುವುದು ಸುಲಭ.