ಸಣ್ಣ ಡೀಟೇಲಿಂಗ್ ಕೆಲಸದ ಡೈರಿ: ಎಷ್ಟು ತಿಕ್ಕಬೇಕು, ಎಲ್ಲಿ ಬಿಡಬೇಕು

ನನ್ನ ಕಾರ್ ಡೀಟೇಲಿಂಗ್ ಕೆಲಸ, ಅಂದರೆ ಕಾರನ್ನು ಒಳಗೂ ಹೊರಗೂ ಸೂಕ್ಷ್ಮವಾಗಿ ಶುಚಿ ಮಾಡಿ ಹೊಳಪು ತರುವ ಕೆಲಸ, ಈಗ ಹವ್ಯಾಸದ ಗಡಿ ದಾಟಿದೆ. ಮೊದಲು ರಜೆ ಸಿಕ್ಕಾಗ ಮನೆಯ ಕಾರನ್ನೇ ತಿಕ್ಕುತ್ತಿದ್ದೆ. ಆಮೇಲೆ ಸ್ನೇಹಿತರ ಕಾರುಗಳು ಬಂದವು. ಈಗ ಪರಿಚಯವೇ ಇಲ್ಲದವರು ಕೀ ಕೈಗೆ ಕೊಟ್ಟು ಹೋಗುತ್ತಾರೆ. ಇಲ್ಲಿಯವರೆಗೆ ಏನೇನು ನಡೆಯಿತು, ಏನೇನು ಬದಲಾಯಿತು ಅಂತ ಬರೆದಿಡುತ್ತಿದ್ದೇನೆ. ಇದೇ ಕೆಲಸಕ್ಕೆ ಇಳಿಯುವವರಿಗೆ ಉಪಯೋಗ ಆಗಬಹುದು.

ಡೀಟೇಲಿಂಗ್ ಅಂದರೆ ಹೊಳಪು ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ನನ್ನ ತಲೆ ಜಾಸ್ತಿ ಖರ್ಚಾಗುವುದು ಇನ್ನೊಂದು ಪ್ರಶ್ನೆಗೆ. ಈ ಕಾರಿಗೆ ಎಷ್ಟು ಸಾಕು?

ಸಾಮಾನು

ಶುರುವಿನಲ್ಲಿ ಬಾಟಲಿಗಳ ಹುಚ್ಚು ಹತ್ತುತ್ತದೆ. ಟೈರಿಗೊಂದು, ಡ್ಯಾಶ್‌ಬೋರ್ಡಿಗೊಂದು, ಸೀಟಿಗೊಂದು, ಕಪ್ಪು ಪ್ಲಾಸ್ಟಿಕ್‌ಗೊಂದು. ಈಗ ನನ್ನ ಶೆಲ್ಫ್ ತುಂಬಾ ಖಾಲಿ ಇದೆ. ಗಟ್ಟಿ ದ್ರಾವಣದ ಒಂದೇ ಆಲ್ ಪರ್ಪಸ್ ಕ್ಲೀನರ್ ತಂದು ಬೇರೆ ಬೇರೆ ಪ್ರಮಾಣದಲ್ಲಿ ನೀರು ಬೆರೆಸುತ್ತೇನೆ. ಒಳಗಿನ ಪ್ಲಾಸ್ಟಿಕ್‌ಗೆ 1:10, ಟೈರಿಗೆ 1:4. ಪ್ರಮಾಣವನ್ನು ಬಾಟಲಿಯ ಮೇಲೆ ಮಾರ್ಕರ್‌ನಲ್ಲಿ ಬರೆದಿರುತ್ತೇನೆ. ಒಂದು ಕಾರಿಗೆ ಎಷ್ಟು ಸಾಮಾನು ಖರ್ಚಾಯಿತು ಅನ್ನುವ ಲೆಕ್ಕ ಸಿಗುವುದೇ ಇಲ್ಲಿಂದ.

ದುಡ್ಡು ಹಾಕಬೇಕಾದ ಜಾಗ ಬಟ್ಟೆ ಮತ್ತು ಬೆಳಕು. ಪಾಲಿಶ್ ಒರೆಸಲು 300ರಿಂದ 400 ಜಿಎಸ್ಎಂ (ಚದರ ಮೀಟರಿಗೆ ಎಷ್ಟು ಗ್ರಾಂ ತೂಕ ಅನ್ನುವ ಅಳತೆ) ಮೈಕ್ರೋಫೈಬರ್ ಬಟ್ಟೆ ಸಾಕು. ನೀರು ಹೀರಲು ದಪ್ಪದ್ದು ಬೇಕು. ಚಕ್ರದ ಬಟ್ಟೆ ಒಂದು ಬಣ್ಣ, ಬಾಡಿಯದು ಇನ್ನೊಂದು, ಗಾಜಿನದು ಮತ್ತೊಂದು. ನೆಲಕ್ಕೆ ಬಿದ್ದ ಬಟ್ಟೆ ಆ ದಿನ ಬಾಡಿ ಮುಟ್ಟುವ ಹಾಗಿಲ್ಲ. ಒಗೆಯುವಾಗ ಹತ್ತಿ ಬಟ್ಟೆ ಜೊತೆ ಸೇರಿಸಬಾರದು, ನೂಲಿನ ಚೂರು ಅಂಟಿಕೊಳ್ಳುತ್ತದೆ. ಫ್ಯಾಬ್ರಿಕ್ ಸಾಫ್ಟನರ್ ಹಾಕಿದರೆ ಹೀರುವ ಗುಣವೇ ಹೋಗುತ್ತದೆ. ಬಿಸಿ ಜಾಸ್ತಿಯಾದರೆ ಎಳೆ ಕರಗಿ ಗಡುಸಾಗುತ್ತದೆ.

ಬೆಳಕಿಗೆ ಕೈಯಲ್ಲಿ ಹಿಡಿಯುವ ಎಲ್‌ಇಡಿ ದೀಪ ಸಾಕು. ಟ್ಯೂಬ್‌ಲೈಟ್ ಕೆಳಗೆ ಎಲ್ಲ ಕಾರೂ ಚೆನ್ನಾಗಿಯೇ ಕಾಣುತ್ತದೆ. ಒಂದೇ ಬಿಂದುವಿನಿಂದ ಬರುವ ಬೆಳಕು ಬಿದ್ದಾಗ ಮಾತ್ರ ಜೇಡರ ಬಲೆಯಂಥ ಗೆರೆಗಳು ಕಾಣುತ್ತವೆ. ಕಾರಿನವರಿಗೆ ಅವು ಕಾಣುವುದು ಬಿಸಿಲಿನಲ್ಲಿ, ಅದೂ ಕಾರು ಮನೆಗೆ ಹೋದ ಮೇಲೆ.

ತೊಳೆಯುವುದು

ಆ ಗೆರೆಗಳಲ್ಲಿ ಹೆಚ್ಚಿನವು ಹುಟ್ಟುವುದೇ ತೊಳೆಯುವಾಗ. ಧೂಳಿನ ಮೇಲೆ ಒಣ ಬಟ್ಟೆ ಎಳೆದರೆ ಮುಗಿಯಿತು. ಹಾಗಾಗಿ ನನ್ನ ಕ್ರಮ ಬದಲಾಗುವುದಿಲ್ಲ. ಮೊದಲು ಚಕ್ರ. ಆಮೇಲೆ ಬರೀ ನೀರು. ಆಮೇಲೆ ನೊರೆ ಹಾಕಿ ಸ್ವಲ್ಪ ಹೊತ್ತು ಬಿಡುವುದು, ಅದು ಒಣಗುವ ಮೊದಲೇ ತೊಳೆದು ಹಾಕುವುದು. ಇಷ್ಟಾದ ಮೇಲೆಯೇ ಕೈಗವಸು ಕಾರಿಗೆ ಮುಟ್ಟುತ್ತದೆ. ಎರಡು ಬಕೆಟ್, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಕೈಗವಸು ಜಾಲಿಸಲು ಬರೀ ನೀರು. ಎರಡರ ತಳದಲ್ಲೂ ಜಾಲರಿ ಇರುತ್ತದೆ, ಮಣ್ಣು ಕೆಳಗೇ ಕೂರಲಿ ಅಂತ. ಮೇಲಿಂದ ಕೆಳಕ್ಕೆ ಬರುತ್ತೇನೆ, ಬಾಗಿಲಿನ ಕೆಳಭಾಗ ಕೊನೆಗೆ.

ತೊಳೆದ ಮೇಲೆ ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಬಾನೆಟ್ ಮೇಲೆ ಮೆಲ್ಲಗೆ ಸವರಿ ನೋಡಿ. ಬರಿಗೈಗೆ ನುಣ್ಣಗಿದ್ದ ಜಾಗ ಈಗ ಮರಳು ಮರಳಾಗಿ ಸಿಗುತ್ತದೆ. ಬ್ರೇಕ್‌ನಿಂದ ಹಾರಿದ ಕಬ್ಬಿಣದ ಪುಡಿ, ಟಾರು, ಮರದ ಅಂಟು ಎಲ್ಲ ಅಲ್ಲಿ ಕೂತಿರುತ್ತದೆ. ಕಬ್ಬಿಣಕ್ಕೆ ಐರನ್ ರಿಮೂವರ್ ಹೊಡೆಯುತ್ತೇನೆ. ಅದರಲ್ಲಿರುವ ಥಯೋಗ್ಲೈಕೊಲೇಟ್ ಕಬ್ಬಿಣದ ಜೊತೆ ಸೇರಿ ನೇರಳೆ ಬಣ್ಣವಾಗಿ ಇಳಿಯುತ್ತದೆ. ನೋಡಲು ಚೆಂದ, ವಾಸನೆ ಮಾತ್ರ ಬೇಡಪ್ಪಾ ಬೇಡ. ಕೂದಲನ್ನು ಗುಂಗುರು ಮಾಡುವ ದ್ರಾವಣದಲ್ಲೂ ಇದೇ ಜಾತಿಯ ರಾಸಾಯನಿಕ ಇರುತ್ತದೆ, ವಾಸನೆಯೂ ಅದೇ. ಗಾಳಿ ಆಡುವ ಜಾಗ ಮತ್ತು ಕೈಗೆ ಗ್ಲೌಸ್ ಕಡ್ಡಾಯ.

ಉಳಿದಿದ್ದಕ್ಕೆ ಕ್ಲೇ ಬಾರ್, ಬಣ್ಣಕ್ಕೆ ಅಂಟಿದ ಕೊಳೆಯನ್ನು ಎಳೆದು ತೆಗೆಯುವ ಜೇಡಿಮಣ್ಣಿನಂಥ ಮೆತ್ತನೆ ತುಂಡು. ಜಾರಲು ದ್ರವ ಧಾರಾಳವಾಗಿ ಬೇಕು. ಕ್ಲೇ ಕೆಳಗೆ ಬಿದ್ದರೆ ನೇರ ಕಸದ ಬುಟ್ಟಿಗೆ. ಕ್ಲೇ ಉಜ್ಜಿದ ಮೇಲೆ ಬಣ್ಣದ ಮೇಲೆ ಸಣ್ಣ ಮಬ್ಬು ಬರಬಹುದು, ಅದರಲ್ಲೂ ಕಪ್ಪು ಕಾರಿನಲ್ಲಿ. ಆದ್ದರಿಂದ ಪಾಲಿಶ್ ಬೇಡ ಅಂದವರ ಕಾರಿಗೆ ಕ್ಲೇ ಹಾಕುವುದನ್ನೇ ಕಡಿಮೆ ಮಾಡಿದ್ದೇನೆ. ಕೇಳಿದರೆ ವಿಷಯ ಹೇಳಿಯೇ ಹಾಕುತ್ತೇನೆ.

ಗಡಸು ನೀರಿನ ಕಾಟ ಬೇರೆ. ನೀರು ಆರಿದರೂ ಕ್ಯಾಲ್ಸಿಯಂ, ಮೆಗ್ನೀಸಿಯಂ ಆರುವುದಿಲ್ಲ ಅಲ್ವಾ? ಬಿಳಿ ಉಂಗುರವಾಗಿ ಉಳಿಯುತ್ತದೆ. ಬಿಸಿಲಲ್ಲಿ ತೊಳೆದರೆ ಇನ್ನೂ ಬೇಗ. ಕೊನೆಯ ಜಾಲಿಸುವಿಕೆಗೆ ಖನಿಜ ತೆಗೆದ ನೀರು ಸಿಕ್ಕರೆ ಒಳ್ಳೆಯದು. ನನ್ನ ಹತ್ತಿರ ಆ ಸಲಕರಣೆ ಇನ್ನೂ ಇಲ್ಲ. ಸದ್ಯಕ್ಕೆ ನೆರಳು ಮತ್ತು ಬೇಗ ಒರೆಸುವ ಕೈ, ಇಷ್ಟೇ ಉಪಾಯ.

ಮೈಕ್ರಾನ್ ಮಾಪಕ ಬಂದ ಮೇಲೆ

ಈ ಕೆಲಸದಲ್ಲಿ ನನ್ನ ಲೆಕ್ಕಾಚಾರ ಬದಲಿಸಿದ್ದು ಪಾಲಿಶಿಂಗ್ ಯಂತ್ರ ಅಲ್ಲ, ಬಣ್ಣದ ದಪ್ಪ ಅಳೆಯುವ ಪುಟ್ಟ ಮಾಪಕ. ಕಾರ್ಖಾನೆಯಿಂದ ಬಂದ ಬಣ್ಣ ಪ್ರೈಮರ್‌ನಿಂದ ಹಿಡಿದು ಮೇಲಿನ ಪದರದವರೆಗೆ ಸಾಮಾನ್ಯವಾಗಿ 100ರಿಂದ 180 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ಇರುತ್ತದೆ. ಅದರಲ್ಲಿ ಎಲ್ಲಕ್ಕಿಂತ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸುಮಾರು 35ರಿಂದ 50. ಮಾಮೂಲಿ ಪ್ರಿಂಟರ್ ಹಾಳೆಯೇ ಹತ್ತಿರ ಹತ್ತಿರ 100 ಮೈಕ್ರಾನ್ ದಪ್ಪ ಇರುತ್ತದೆ. ಅಂದರೆ ನಾವು ತಿಕ್ಕಿ ಹೊಳಪು ತರುವ ಪದರ ಅರ್ಧ ಹಾಳೆಯಷ್ಟು. ಬಿಸಿಲಿನಿಂದ ಕೆಳಗಿನ ಬಣ್ಣ ಕಾಯುವುದೂ ಅದೇ ಪದರ. ಗಟ್ಟಿ ಕಾಂಪೌಂಡ್ (ಒರಟು ಪಾಲಿಶ್) ಹಾಕಿ ಒಂದು ಸುತ್ತು ತಿಕ್ಕಿದರೆ ಅದರಲ್ಲಿ ಕೆಲವು ಮೈಕ್ರಾನ್ ಹೋಗುತ್ತದೆ. ಹೋದದ್ದು ವಾಪಸ್ ಬರುವುದಿಲ್ಲ.

ಮಾಪಕಕ್ಕೂ ಮಿತಿ ಇದೆ. ಅದು ಹೇಳುವುದು ಒಟ್ಟು ದಪ್ಪ, ಕ್ಲಿಯರ್ ಕೋಟ್ ಎಷ್ಟು ಉಳಿದಿದೆ ಅಂತಲ್ಲ. ಉಕ್ಕು ಮತ್ತು ಅಲ್ಯೂಮಿನಿಯಂ ಮೇಲೆ ಕೆಲಸ ಮಾಡುತ್ತದೆ, ಪ್ಲಾಸ್ಟಿಕ್ ಬಂಪರ್ ಮೇಲೆ ಸುಮ್ನೆ ಕೂರುತ್ತದೆ. ಆದರೂ ಹೋಲಿಸಿ ನೋಡಲು ಬಹಳ ಸಹಾಯ. ಮೂರು ಬಾಗಿಲು ಒಂದೇ ಥರ ತೋರಿಸಿ ನಾಲ್ಕನೆಯದು ದುಪ್ಪಟ್ಟು ತೋರಿಸಿದರೆ ಅದಕ್ಕೆ ಮತ್ತೆ ಪೇಂಟ್ ಆಗಿದೆ. ಸಂಖ್ಯೆ ಇನ್ನೂ ಮೇಲೆ ಹಾರಿದರೆ ಒಳಗೆ ತಗ್ಗು ತುಂಬುವ ಪುಟ್ಟಿ ಇರಬಹುದು. ಒಬ್ಬರ ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಹೀಗೇ ಆಯಿತು. "ಆಕ್ಸಿಡೆಂಟೇ ಆಗಿಲ್ಲ ಅಂದಿದ್ರಲ್ಲಾ" ಅಂತ ಅವರು ಮಾಪಕವನ್ನೇ ದಿಟ್ಟಿಸುತ್ತಾ ನಿಂತರು. ನಾನು ಸಂಖ್ಯೆ ಬರೆದುಕೊಟ್ಟೆ, ವ್ಯಾಖ್ಯಾನ ಕೊಡಲಿಲ್ಲ. ಮಾರಿದವರು ಯಾರು, ಯಾಕೆ ಅನ್ನುವುದು ನನ್ನ ಕೆಲಸ ಅಲ್ಲ.

ಅಂಚು ಮತ್ತು ಬಾಡಿ ಲೈನ್ ಹತ್ತಿರ ಬಣ್ಣ ಎಲ್ಲಕ್ಕಿಂತ ತೆಳು. ಯಂತ್ರದ ಪ್ಯಾಡ್ ಜಾಸ್ತಿ ಕಚ್ಚುವುದೂ ಅಲ್ಲೇ. ಅಲ್ಲಿಗೆಲ್ಲ ಟೇಪ್ ಅಂಟಿಸುತ್ತೇನೆ. ಉಗುರು ಅಡ್ಡ ಎಳೆದಾಗ ಸಿಕ್ಕಿಕೊಳ್ಳುವ ಗೀರನ್ನು ಪೂರ್ತಿ ತೆಗೆಯಲು ಹೋಗುವುದಿಲ್ಲ. ಅದರ ಅಂಚು ಮೃದುವಾದರೆ ಬೆಳಕು ಕಡಿಮೆ ಹಿಡಿಯುತ್ತದೆ. ಅಷ್ಟಕ್ಕೆ ನಿಲ್ಲಿಸುತ್ತೇನೆ.

ಯಂತ್ರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡ್ಯುಯಲ್ ಆಕ್ಷನ್ ಪಾಲಿಶರ್ ತಿರುಗುತ್ತಲೇ ಓಲಾಡುತ್ತದೆ. ಹಾಗಾಗಿ ಬರೀ ತಿರುಗುವ ರೋಟರಿಯಷ್ಟು ಒಂದೇ ಕಡೆ ಬಿಸಿ ಏರಿಸುವುದಿಲ್ಲ. ಹೊಸಬರಿಗೆ 15 ಮಿಲಿಮೀಟರ್ ಓಲಾಟದ್ದು ಸಾಕು. ಮುಖ್ಯವಾದದ್ದು ಪರೀಕ್ಷಾ ಚೌಕ. ಬಾನೆಟ್ ಮೇಲೆ ಎರಡು ಅಡಿ ಜಾಗ ಗುರುತಿಸಿ ಎಲ್ಲಕ್ಕಿಂತ ಮೆದು ಪ್ಯಾಡ್, ಎಲ್ಲಕ್ಕಿಂತ ಮೆದು ಪಾಲಿಶ್‌ನಿಂದ ಶುರು ಮಾಡುತ್ತೇನೆ. ಸಾಲದಿದ್ದರೆ ಒಂದು ಮೆಟ್ಟಿಲು ಮೇಲೆ. ಒಂದು ಕಾರಿಗೆ ಸರಿಹೋದದ್ದು ಇನ್ನೊಂದಕ್ಕೆ ಆಗುವುದಿಲ್ಲ, ಕೆಲವು ಬಣ್ಣ ಮೆತ್ತಗೆ, ಕೆಲವು ಕಲ್ಲು. ಪ್ರತಿ ಭಾಗ ಮುಗಿದ ಮೇಲೆ ಪ್ಯಾಡ್ ಬ್ರಷ್ ಮಾಡಬೇಕು. ಇಲ್ಲದಿದ್ದರೆ ತೆಗೆದ ಬಣ್ಣದ ಪುಡಿಯಿಂದಲೇ ಮತ್ತೆ ಗೀಚಿದ ಹಾಗಾಗುತ್ತದೆ. ಕೊನೆಗೆ ನೀರು ಬೆರೆಸಿದ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ನೋಡುತ್ತೇನೆ. ಪಾಲಿಶ್‌ನ ಎಣ್ಣೆ ಗೆರೆಗಳನ್ನು ತುಂಬಿ ಮುಚ್ಚಿರುತ್ತದೆ. ಎಣ್ಣೆ ಹೋದ ಮೇಲೆ ಕಾಣುವುದೇ ನಿಜವಾದ ಕೆಲಸ.

ಸೆರಾಮಿಕ್ ಕೇಳಿಕೊಂಡು ಬರುವವರು

ಬರುವ ಕರೆಗಳಲ್ಲಿ ಜಾಸ್ತಿ ಸೆರಾಮಿಕ್ ಕೋಟಿಂಗ್ ಬಗ್ಗೆಯೇ, ಅಂದರೆ ಬಣ್ಣದ ಮೇಲೆ ಹಚ್ಚಿ ಗಟ್ಟಿಯಾಗಲು ಬಿಡುವ ರಕ್ಷಣಾ ಲೇಪನದ ಬಗ್ಗೆ. "9ಎಚ್ ಇದೆಯಂತಲ್ಲ, ಗೀರೇ ಬೀಳಲ್ವಂತೆ?" ಆ 9ಎಚ್ ಪೆನ್ಸಿಲ್ ಗಡಸುತನದ ಅಳತೆ. ಬೇರೆ ಬೇರೆ ಗಡಸಿನ ಪೆನ್ಸಿಲ್‌ಗಳಿಂದ ಗೀಚಿ ನೋಡುವ ಪರೀಕ್ಷೆ. ಖನಿಜಗಳ ಮೋಸ್ ಅಳತೆಯಲ್ಲಿ 9 ಅಂದರೆ ಮಾಣಿಕ್ಯ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಕೋಟಿಂಗ್ ಬಹಳ ತೆಳು ಪದರ. ಕಲ್ಲು ಬಡಿದರೆ ಚಕ್ಕೆ ಏಳುತ್ತದೆ, ಕೊಳಕು ಬಟ್ಟೆ ಉಜ್ಜಿದರೆ ಗೆರೆ ಬೀಳುತ್ತದೆ, ಗಡಸು ನೀರು ನಿಂತರೆ ಕಲೆ ಉಳಿಯುತ್ತದೆ. ಕಲ್ಲಿನ ಭಯ ಇದ್ದವರಿಗೆ ಬೇಕಾದದ್ದು ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್). ಅದು ಸುಮಾರು 150ರಿಂದ 200 ಮೈಕ್ರಾನ್ ದಪ್ಪದ ಪಾಲಿಯುರೆಥೇನ್ ಹಾಳೆ. ಅದನ್ನು ಹಚ್ಚುವ ಕೌಶಲ ಬೇರೆಯೇ, ನಾನು ಕೈ ಹಾಕಿಲ್ಲ.

ಹಾಗಾದರೆ ಕೋಟಿಂಗ್ ಯಾಕೆ? ಕಾರು ತೊಳೆಯುವುದು ಸುಲಭವಾಗುತ್ತದೆ. ನೀರು ಜಾರುತ್ತದೆ, ಕೊಳೆ ಗಟ್ಟಿಯಾಗಿ ಅಂಟುವುದಿಲ್ಲ. ನನ್ನ ಪ್ರಕಾರ ಅದರ ಬೆಲೆ ಅಷ್ಟೇ, ಅದೂ ಕಡಿಮೆಯೇನಲ್ಲ. ಆದರೆ ಕಾರನ್ನು ಉಜ್ಜುವ ಯಂತ್ರದ ಕೆಳಗೆ ಬಿಡುವವರಿಗೆ ನಾನೇ ಬೇಡ ಅನ್ನುತ್ತೇನೆ, ಸೀಲೆಂಟ್ (ಮೇಣದ ಥರ ಹಚ್ಚುವ ರಕ್ಷಣಾ ಲೇಪ) ಹಾಕಿ ಕಳಿಸುತ್ತೇನೆ. ಕೆಲವರು ಬೇರೆ ಕಡೆ ಹೋಗಿ ಹಾಕಿಸಿಕೊಳ್ಳುತ್ತಾರೆ. ಹೋಗಲಿ.

ಹಾಕುವ ಕೆಲಸ ಕಷ್ಟವೇನಲ್ಲ, ತಾಳ್ಮೆ ಬೇಕು. ಚಿಕ್ಕ ಚಿಕ್ಕ ಭಾಗಕ್ಕೆ ಹಚ್ಚಿ, ಬಣ್ಣ ಬಣ್ಣದ ಛಾಯೆ ಏಳುವವರೆಗೆ ಕಾದು ಒರೆಸಬೇಕು. ಸೆಕೆ ಮತ್ತು ತೇವ ನೋಡಿಕೊಂಡು ಆ ಕಾಯುವ ಹೊತ್ತು ಬದಲಾಗುತ್ತದೆ. ಒರೆಸದೆ ಬಿಟ್ಟ ಜಾಗ ಒಣಗಿ ಕಪ್ಪು ಮಚ್ಚೆಯಾದರೆ ಮತ್ತೆ ಪಾಲಿಶ್ ಮಾಡಿಯೇ ತೆಗೆಯಬೇಕು. ಅದಕ್ಕೆ ದೀಪ ಹಿಡಿದು ಇನ್ನೊಂದು ಸುತ್ತು ಬರುತ್ತೇನೆ. ಮೊದಲ ದಿನ ನೀರು ಸೋಕಬಾರದು, ಒಂದು ವಾರ ತೊಳೆಯಬಾರದು ಅಂತ ಚೀಟಿ ಬರೆದು ಕೊಡುತ್ತೇನೆ.

ಒಳಗಡೆ

ಹೊರಗಿನ ಹೊಳಪಿನ ಫೋಟೋಗಳಿಗೆ ಮೆಚ್ಚುಗೆ ಸಿಗುತ್ತದೆ, ಆದರೆ ಒಳಗೆ ಶುಚಿಯಾದ ಕಾರಿನ ಜನ ಮತ್ತೆ ಬರುತ್ತಾರೆ. ಸೀಟಿಗೆ ನೀರು ಕಡಿಮೆ, ಹೀರುವುದು ಜಾಸ್ತಿ. ಫೋಮ್ ಒದ್ದೆಯಾಗಿ ಉಳಿದರೆ ವಾಸನೆ ಮೊದಲಿಗಿಂತ ಕೆಟ್ಟದಾಗುತ್ತದೆ. ವಾಸನೆಯ ದೂರು ಇದ್ದರೆ ಮೊದಲು ನೋಡುವುದು ಎಸಿಯ ಕ್ಯಾಬಿನ್ ಫಿಲ್ಟರ್. ಸನ್ ಫಿಲ್ಮ್ ಇರುವ ಗಾಜಿಗೆ ಅಮೋನಿಯಾ ಇರುವ ಕ್ಲೀನರ್ ಮುಟ್ಟಿಸುವುದಿಲ್ಲ. ಪರದೆಗೆ ನೇರವಾಗಿ ಸ್ಪ್ರೇ ಇಲ್ಲ, ಬಟ್ಟೆಗೆ ಹೊಡೆದು ಒರೆಸುವುದು. ಇಂದಿನ ಹೆಚ್ಚಿನ ಚರ್ಮದ ಸೀಟುಗಳ ಮೇಲೆ ಬಣ್ಣದ ಲೇಪನ ಇರುತ್ತದೆ. ಎಣ್ಣೆ ಹಚ್ಚಿದರೆ ಒಳಗಿಳಿಯದೆ ಮೇಲೇ ಕೂತು ಜಿಡ್ಡಾಗುತ್ತದೆ. ಶುಚಿ ಮಾಡುವುದೇ ಅದರ ಆರೈಕೆ. ಡ್ಯಾಶ್‌ಬೋರ್ಡ್ ಮಿರಮಿರ ಮಿಂಚಬೇಕು ಅಂತ ಕೇಳುವವರಿಗೆ ಮುಂದಿನ ಗಾಜಿನಲ್ಲಿ ಅದರ ಪ್ರತಿಬಿಂಬ ತೋರಿಸಿದರೆ ಸಾಕು, ತಾವೇ ಬೇಡ ಅನ್ನುತ್ತಾರೆ.

ಗಂಟೆಗಳ ಲೆಕ್ಕ

ಅಕ್ಕಪಕ್ಕದವರ ದರ ನೋಡಿ ನನ್ನ ದರ ಇಡುವುದನ್ನು ಬಿಟ್ಟು ಗಡಿಯಾರ ನೋಡಲು ಶುರು ಮಾಡಿದೆ. ಒಂದು ಕಾರು ಅಂದರೆ ತಿಕ್ಕುವ ಹೊತ್ತು ಮಾತ್ರ ಅಲ್ಲ. ಫೋನ್, ಪರಿಶೀಲನೆ, ಫೋಟೋ, ಸಾಮಾನು ಜೋಡಿಸುವುದು, ಬಟ್ಟೆ ಒಗೆಯುವುದು, ಕಾರು ಒಪ್ಪಿಸುವಾಗಿನ ಮಾತು, ಎಲ್ಲವೂ ಸೇರುತ್ತದೆ. ತಿಂಗಳ ಖಾಯಂ ಖರ್ಚನ್ನು ನಿಜವಾಗಿ ಕೆಲಸ ಸಿಗುವ ಗಂಟೆಗಳಿಂದ ಭಾಗಿಸಿದೆ. ಅದಕ್ಕೆ ನನ್ನ ಕೂಲಿ, ಯಂತ್ರ ಸವೆಯುವ ಖರ್ಚು, ಸ್ವಲ್ಪ ಲಾಭ ಸೇರಿಸಿದೆ. ಬಂದ ಸಂಖ್ಯೆ ಗಂಟೆಯ ದರ. ಸಾಮಾನಿನ ಖರ್ಚು ಬೇರೆ. ಈ ಲೆಕ್ಕ ಹಾಕಿದಾಗ ಗೊತ್ತಾದದ್ದು: ದಿನಗಟ್ಟಲೆ ಹಿಡಿಯುವ ಪೂರ್ತಿ ಪೇಂಟ್ ಕರೆಕ್ಷನ್ (ಪಾಲಿಶ್ ಮಾಡಿ ಗೆರೆ ತೆಗೆಯುವುದು) ಹೆಸರು ತರುತ್ತದೆ, ಬಾಡಿಗೆ ಕಟ್ಟುವುದು ತಿಂಗಳಿಗೊಮ್ಮೆ ಬರುವ ಮಾಮೂಲಿ ಕಾರುಗಳು.

ಆ ಕಾರುಗಳ ಬಣ್ಣ ನನಗೆ ಗೊತ್ತು, ಕೊಳೆ ಕಡಿಮೆ, ಕೆಲಸ ಬೇಗ. ಕೆಸರು ಇಲ್ಲದಿದ್ದರೆ ಕೊನೆಗೆ ನೀರು ಸುರಿದು ಜಾಲಿಸಬೇಕಿಲ್ಲದ ರಿನ್ಸ್‌ಲೆಸ್ ವಾಶ್‌ನಲ್ಲೇ ಮುಗಿಯುತ್ತದೆ. 1:256 ಪ್ರಮಾಣದಲ್ಲಿ ಬೆರೆಸುವಂಥದ್ದು ಸಿಗುತ್ತದೆ, ಒಂದು ಬಕೆಟ್ ನೀರು ಸಾಕು. ಚರಂಡಿಗೆ ಹೋಗುವ ಕೊಳಕು ನೀರೂ ಕಡಿಮೆ. ಜಾಗ ಬಾಡಿಗೆಗೆ ಹಿಡಿಯುವ ಮೊದಲು ನೀರು ಎಲ್ಲಿಗೆ ಹೋಗುತ್ತದೆ ಅಂತ ಕೇಳಿ, ತೊಳೆದ ನೀರಿನ ನಿಯಮ ಊರಿಂದೂರಿಗೆ ಬೇರೆ. ಇನ್ಶೂರೆನ್ಸ್ ಮಾಡಿಸುವಾಗಲೂ ಒಂದು ಪ್ರಶ್ನೆ ಕೇಳಿ: ಇನ್ನೊಬ್ಬರ ಕಾರು ನನ್ನ ವಶದಲ್ಲಿ ಇದ್ದಾಗ ಏನಾದರೂ ಆದರೆ ಇದು ಕೊಡುತ್ತದಾ? ಮಾಮೂಲಿ ಪಾಲಿಸಿಯಲ್ಲಿ ಅದು ಸೇರಿರದೆ ಇರಬಹುದು.

ಸೇವೆಗಳ ಪಟ್ಟಿಯನ್ನು ಮೂರಕ್ಕೆ ಇಳಿಸಿದ್ದೇನೆ: ಮಾಮೂಲಿ ವಾಶ್, ಒಳಗಿನ ಪೂರ್ತಿ ಶುಚಿ, ಒಂದೇ ಸುತ್ತಿನ ಪಾಲಿಶ್ ಜೊತೆ ಸೀಲೆಂಟ್. ಉಳಿದದ್ದು ಕಾರು ನೋಡಿದ ಮೇಲೆ. ಫೋಟೋ ಕಳಿಸಿ ದರ ಕೇಳಿದರೆ ಎಲ್ಲಿಂದ ಶುರು ಅಂತ ಮಾತ್ರ ಹೇಳುತ್ತೇನೆ. ಕಾರು ಬಂದ ತಕ್ಷಣ ಇಬ್ಬರೂ ಸುತ್ತು ಹಾಕಿ ಇರುವ ಗೀರು, ಚಕ್ಕೆ, ಮೈಕ್ರಾನ್ ಸಂಖ್ಯೆ ಎಲ್ಲ ಹಾಳೆಯಲ್ಲಿ ಬರೆದು ಸಹಿ ಹಾಕುತ್ತೇವೆ. ಇದರಿಂದ ಜಗಳ ತಪ್ಪುತ್ತದೆ. ಏನು ಹೋಗುವುದಿಲ್ಲ ಅಂತ ಮೊದಲೇ ಹೇಳಿದ ಹಾಗೂ ಆಗುತ್ತದೆ.

ಸದ್ಯ

ಜೊತೆಗೆ ಕೆಲಸ ಕಲಿಯಲು ಒಬ್ಬ ಹುಡುಗ ಬರುತ್ತಿದ್ದಾನೆ. ಈಗ ಅವನ ಕೈಯಲ್ಲಿ ಚಕ್ರ, ವ್ಯಾಕ್ಯೂಮ್ ಮತ್ತು ಬಟ್ಟೆ ಒಗೆಯುವುದು ಮಾತ್ರ. "ಅಣ್ಣಾ, ಪಾಲಿಶರ್ ಯಾವಾಗ?" ಅಂತ ದಿನಾ ಕೇಳುತ್ತಾನೆ. ಗುಜರಿಯಿಂದ ಒಂದು ಹಳೇ ಬಾನೆಟ್ ತಂದಿಟ್ಟಿದ್ದೇನೆ. ಅದಕ್ಕೆ ಚೌಕಗಳ ಗೆರೆ ಎಳೆದು ಪ್ರತಿ ಚೌಕದ ಮೈಕ್ರಾನ್ ಬರೆಯುವುದು ಅವನ ಈ ವಾರದ ಕೆಲಸ. ಆಮೇಲೆ ಒಂದೊಂದು ಚೌಕಕ್ಕೆ ಒಂದೊಂದು ಪ್ಯಾಡ್, ತಿಕ್ಕಿದ ಮೇಲೆ ಮತ್ತೆ ಅಳತೆ. ಕೊನೆಯ ಚೌಕದಲ್ಲಿ ಅಂಚಿನ ಮೇಲೆ ಯಂತ್ರ ನಿಲ್ಲಿಸಿ ಕ್ಲಿಯರ್ ಕೋಟ್ ಪೂರ್ತಿ ಹೋಗುವವರೆಗೆ ಓಡಿಸಲು ಹೇಳುತ್ತೇನೆ. ಅದಕ್ಕೆ ಎಷ್ಟು ಸೆಕೆಂಡ್ ಹಿಡಿಯಿತು ಅಂತ ಅವನೇ ಬರೆದುಕೊಳ್ಳಲಿ.